ಹೊಲಿಗೆಗೆ ಕೂಲಿ ಕೊಡ್ತೀವಿ, ಡಿಸೈನಿಗೆ ಯಾಕಿಲ್ಲ?

ಮದುವೆ ಸೀಸನ್ ಬಂತೆಂದರೆ ಲಿಂಗಸುಗೂರಿನ ಬೊಟಿಕ್‌ಗಳಲ್ಲಿ ಒಂದು ಮಾತು ಕೇಳುವುದು ಗ್ಯಾರಂಟಿ: "ಒಂದು ಬ್ಲೌಸಿಗೆ ಇಷ್ಟು ರೊಕ್ಕಾನ ಅಕ್ಕಾರ? ಸ್ವಲ್ಪ ಕಡಿಮಿ ಮಾಡ್ರಿ."

ತಂಗಿ ಮದುವೆಗೆ ನಾನೂ ಹೀಗೇ ಚೌಕಾಸಿ ಮಾಡಿದವನೇ. ಬೊಟಿಕ್ ನಡೆಸುವ ಅಕ್ಕ ಇಳಕಲ್ ಸೀರೆಯ ಅಂಚು ನೋಡಿ, ಅದಕ್ಕೆ ಒಪ್ಪುವ ಗುಳೇದಗುಡ್ಡ ಖಣ ಆರಿಸಿ, ತೋಳಿಗೆ ಕಸೂತಿಯ ಗೋಪುರ ಹೇಗೆ ಬರುತ್ತದೆಂದು ಕಾಗದದ ಮೇಲೆ ಬರೆದು ತೋರಿಸಿದ್ದರು. ನಾನು ಲೆಕ್ಕ ಹಾಕಿದ್ದು ಬಟ್ಟೆ, ದಾರ, ಲೈನಿಂಗ್ ಮತ್ತು ಹೊಲಿಗೆ ಮಾತ್ರ. ಅವರು ಕೂತು ಯೋಚಿಸಿದ್ದಕ್ಕೆ ನನ್ನ ಲೆಕ್ಕದಲ್ಲಿ ಸೊನ್ನೆ.

ತಪ್ಪು ನನ್ನದೇ. ಬೊಟಿಕ್ ಎಂದರೆ ಗಾಜಿನ ಬಾಗಿಲು, ಲೈಟಿನ ಬೋರ್ಡು ಅಲ್ಲ. ಒಬ್ಬರು ತಮ್ಮ ಕಣ್ಣನ್ನೂ ಕಲ್ಪನೆಯನ್ನೂ ನಂಬಿ ನಡೆಸುವ ಅಂಗಡಿ. ಬೆಂಗಳೂರಿನ 'ವಿಮೋರ್' ನೋಡಿ. 1974ರಲ್ಲಿ ಚಿಮ್ಮಿ ನಂಜಪ್ಪ ಮತ್ತು ಅವರ ಮಗಳು ಪವಿತ್ರಾ ಮುದ್ದಯ್ಯ ಅದನ್ನು ಶುರು ಮಾಡಿದರು. ಹಳೆಯ ಸೀರೆಗಳ ವಿನ್ಯಾಸ ಹುಡುಕಿ ನೇಕಾರರಿಂದ ಮತ್ತೆ ನೇಯಿಸಿದರು. ಅವರು ಹೆಸರು ಮಾಡಿದ್ದು ವಿನ್ಯಾಸದಿಂದ.

ನಮಗೇನು ಕಡಿಮೆ? ಮುದಗಲ್ ದಾಟಿ ಹೋದರೆ ಇಳಕಲ್. ಒಡಲಿಗೆ ಕೊಂಡಿ ಹಾಕಿ ಕೆಂಪು ಸೆರಗು ಜೋಡಿಸುವ ಅಲ್ಲಿನ ಕೈಚಳಕ ಬೇರೆಡೆ ಸುಲಭಕ್ಕೆ ಸಿಗುವುದಿಲ್ಲ. ನಮ್ಮ ತಾಂಡಾಗಳಲ್ಲಿ ಕನ್ನಡಿ, ಕವಡೆ ಕೂಡಿಸಿ ಹೊಲಿಯುವ ಅಜ್ಜಿಯರು ಇನ್ನೂ ಇದ್ದಾರೆ. ಇಷ್ಟಿದ್ದೂ ನಾವು ಫೋನಿನಲ್ಲಿ ಯಾರದೋ ಫೋಟೋ ತೋರಿಸಿ, "ಹಿಂಗ ಮಾಡಿಕೊಡ್ರಿ" ಅನ್ನುತ್ತೇವೆ. ಸ್ವಂತ ಯೋಚನೆಗೆ ಬೆಲೆ ಸಿಗದಿದ್ದರೆ ಆ ಅಕ್ಕನೂ ನಕಲು ಹೊಡೆಯುವುದನ್ನೇ ಕಲಿಯುತ್ತಾಳೆ.

ಸರ್ಕಾರದ ನೆರವು ಇಲ್ಲವೆಂದಲ್ಲ. 2023ರಲ್ಲಿ ಬಂದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಇದೆ. ಸಲಕರಣೆಗೆ 15,000 ರೂಪಾಯಿವರೆಗೆ ನೆರವು, ಶೇ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಆಮೇಲೆ 2 ಲಕ್ಷದವರೆಗೆ ಸಾಲ ಅದರಲ್ಲಿದೆ. ಆದರೆ ಆ ದುಡ್ಡಿನಿಂದ ಮಷಿನ್ ಬರುತ್ತದೆ, ಗಿರಾಕಿ ಕೊಡುವ ಮರ್ಯಾದೆ ಬರುವುದಿಲ್ಲ. ಅದನ್ನು ನಾವೇ ಕೊಡಬೇಕು.

ಬೊಟಿಕ್ ನಡೆಸುವ ಅಕ್ಕಂದಿರಿಗೆ ನನ್ನದೊಂದು ಮಾತು. ಬಿಲ್ಲಿನಲ್ಲಿ ಎರಡು ಸಾಲು ಬೇರೆ ಬೇರೆ ಬರೆಯಿರಿ: ಹೊಲಿಗೆ ಇಷ್ಟು, ಡಿಸೈನ್ ಇಷ್ಟು. ಕಸೂತಿಯನ್ನೋ ಕನ್ನಡಿ ಕೆಲಸವನ್ನೋ ಬೇರೆಯವರಿಂದ ಮಾಡಿಸಿದ್ದರೆ ಅವರ ಕೂಲಿಗೆ ಮೂರನೇ ಸಾಲು. ಆಗ ಗಿರಾಕಿಗೂ ತಾನು ಯಾವುದಕ್ಕೆ ರೊಕ್ಕ ಕೊಡುತ್ತಿದ್ದೇನೆ ಅನ್ನುವುದು ತಿಳಿಯುತ್ತದೆ.

ನಮ್ಮಂಥ ಗಿರಾಕಿಗಳಿಗೂ ಒಂದು ಮಾತು. ಆನ್‌ಲೈನ್‌ನಲ್ಲಿ ತೋರಿಸಿದಷ್ಟು ಬೆಲೆ ಕೊಟ್ಟು ಸುಮ್ಮನಿರುತ್ತೇವೆ. ನಮ್ಮೂರಿನ ಅಕ್ಕನ ಹತ್ತಿರ ಮಾತ್ರ ಚೌಕಾಸಿ ಮಾಡಿ, ಮೇಲೆ ಉದ್ರಿ ಬೇರೆ ಹೇಳುತ್ತೇವೆ. ಮುಂದಿನ ಸಲ ಅರ್ಧ ರೊಕ್ಕ ಮುಂಗಡ ಕೊಡೋಣ. ಬಿಲ್ಲಿನ ಎರಡನೇ ಸಾಲನ್ನು ಕಡಿಮೆ ಮಾಡಿ ಅಂತ ಕೇಳದಿರೋಣ.