ದಾರಿಯಲ್ಲಿ ನಿಂತವನು

ಆಕೆಯನ್ನು ನೀವು ನೋಡಿದ್ದೀರಿ. ಭಾನುವಾರದ ಪೂಜೆಯಲ್ಲಿ ಪರಮಪ್ರಸಾದದ ಹೊತ್ತಿಗೆ ಎಲ್ಲರೂ ಎದ್ದು ಬಲಿಪೀಠದತ್ತ ಸಾಲುಗಟ್ಟುವಾಗ ಕೊನೆಯ ಬೆಂಚಿನಲ್ಲಿ ಉಳಿದುಬಿಡುವವಳು, ಪಕ್ಕದವರು ದಾಟಿಹೋಗಲೆಂದು ಮೊಣಕಾಲು ಸರಿಸಿ, ಸೆರಗನ್ನು ಇನ್ನಷ್ಟು ಮುಂದಕ್ಕೆಳೆದುಕೊಂಡು, ಎಲ್ಲರೂ ಹಿಂದಿರುಗುವವರೆಗೆ ನೆಲ ನೋಡುತ್ತ ಕೂರುವವಳು. ಹಬ್ಬಕ್ಕೆ ಹೂ ಕಟ್ಟಿಕೊಡುತ್ತಾಳೆ, ಬಲಿಪೀಠದ ವಸ್ತ್ರ ಒಗೆದು ಇಸ್ತ್ರಿ ಮಾಡಿ ತಂದಿಡುತ್ತಾಳೆ, ತಪಸ್ಸುಕಾಲದ ನಲವತ್ತು ದಿನವೂ ಒಪ್ಪೊತ್ತು ಉಣ್ಣುತ್ತಾಳೆ. ಆ ಸಾಲಿಗೆ ಮಾತ್ರ ಬರುವುದಿಲ್ಲ. ಎಷ್ಟೋ ವರ್ಷವಾಯಿತು. ನೀವು ನೋಡಿದ್ದೀರಿ, ಯಾಕಿರಬಹುದೆಂದು ಒಮ್ಮೆ ಯೋಚಿಸಿದ್ದೀರಿ, ಆಮೇಲೆ ನಮಗೇಕೆಂದು ಸುಮ್ಮನಾಗಿದ್ದೀರಿ. ನಾನೂ ಸುಮ್ಮನಾಗಿದ್ದೆ.

ಅವಳು ಒಬ್ಬಳಲ್ಲ. ಎರಡು ಹೆಣ್ಣು ಹೆತ್ತ ಮೇಲೆ ಮೂರನೆಯದು ಬೇಡವೆಂದು ಗಂಡನ ಮನೆಯವರು ಕಾರು ಹತ್ತಿಸಿ ಕರೆದೊಯ್ದವಳು ಇದ್ದಾಳೆ. ಮದುವೆಯಾಗುತ್ತೇನೆಂದು ಮಾತು ಕೊಟ್ಟವನು ಫೋನ್ ನಂಬರನ್ನೇ ಬದಲಿಸಿಕೊಂಡಾಗ ಹಾಸ್ಟೆಲಿನ ಕೋಣೆಯಲ್ಲಿ ಒಬ್ಬಳೇ ಮಾತ್ರೆ ನುಂಗಿದವಳು ಇದ್ದಾಳೆ. ಕುಡುಕ ಗಂಡ, ತೀರದ ಸಾಲ, ಇನ್ನೂ ಮೊಲೆ ಬಿಡದ ಕೂಸು, ಇವುಗಳ ನಡುವೆ ಇನ್ನೊಂದನ್ನು ಸಾಕಲಾರೆನೆಂದು ತಾನೇ ತೀರ್ಮಾನಿಸಿದವಳೂ ಇದ್ದಾಳೆ. ಹೇಳಲು ನಾಲಗೆ ತಡವರಿಸುತ್ತದೆ, ಆದರೂ ಹೇಳಬೇಕು: ಚರ್ಚಿನಲ್ಲಿ ತಲೆಯೆತ್ತಿ ತಿರುಗುವುದು ಹೇಗೆ ಎಂದು ಹೆತ್ತವರೇ ಬೇರೆ ಊರಿನ ಆಸ್ಪತ್ರೆಗೆ ಕರೆದೊಯ್ದು, ಮುಂದಿನ ಭಾನುವಾರವೇ ಗಾಯನವೃಂದದಲ್ಲಿ ಎಂದಿನಂತೆ ಹಾಡಲು ನಿಲ್ಲಿಸಿದ ಹುಡುಗಿಯೂ ಇದ್ದಾಳೆ. ಆ ಅಪ್ಪ ಅಮ್ಮ ಹೆದರಿದ್ದು ದೇವರಿಗಲ್ಲ. ಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ಗುಂಪುಗೂಡಿ ನಿಲ್ಲುವ ನಿಮಗೆ ಮತ್ತು ನನಗೆ.

ಗರ್ಭಪಾತ ಮಾಡಿಸಿಕೊಂಡ ಪ್ರತಿಯೊಬ್ಬಳೂ ಬದುಕಿಡೀ ಕೊರಗುತ್ತಾಳೆಂದು ನಾನು ಹೇಳುವುದಿಲ್ಲ. ಹೇಳಿದರೆ ಸುಳ್ಳಾಗುತ್ತದೆ, ಸುಳ್ಳಿನ ಮೇಲೆ ಕರುಣೆಯನ್ನು ಕಟ್ಟಲಾಗದು. ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘ 2008ರಲ್ಲಿ ಅದುವರೆಗಿನ ಅಧ್ಯಯನಗಳನ್ನು ತೂಗಿ ನೋಡಿತು. ಬಯಸದೆ ಬಸಿರಾದ ವಯಸ್ಕ ಹೆಂಗಸರಲ್ಲಿ, ಮೊದಲ ಮೂರು ತಿಂಗಳೊಳಗೆ ಒಮ್ಮೆ ಗರ್ಭಪಾತ ಮಾಡಿಸಿಕೊಂಡವರಿಗೆ ಹೆತ್ತವರಿಗಿಂತ ಹೆಚ್ಚಿನ ಮಾನಸಿಕ ಅಪಾಯವಿಲ್ಲವೆಂದು ಹೇಳಿತು. ಅನೇಕರಿಗೆ ನಿರಾಳವೇ ಆಗುತ್ತದೆ. ಆದರೆ ಕೆಲವರು ದುಃಖಿಸುತ್ತಾರೆ, ಆಳವಾಗಿ ದುಃಖಿಸುತ್ತಾರೆ ಎಂಬುದನ್ನೂ ಆ ವರದಿ ಮರೆಮಾಚಲಿಲ್ಲ. ಅಂಥವರ ನೋವನ್ನು ಹೆಚ್ಚಿಸುವುದು ಏನೇನು ಎಂದೂ ಅದು ಗುರುತಿಸಿತು: ಕಳಂಕದ ಭಯ, ಯಾರಿಗೂ ಹೇಳದೆ ಮುಚ್ಚಿಡಬೇಕಾದ ಒತ್ತಡ, ಆಸರೆಯಾಗಿ ನಿಲ್ಲುವವರಿಲ್ಲದ ಒಂಟಿತನ. ಇದನ್ನು ಓದಿದಾಗ ನನಗೆ ನಮ್ಮ ಕೊನೆಯ ಬೆಂಚು ಕಣ್ಣಿಗೆ ಕಟ್ಟಿತು. ಕಳಂಕ, ಗುಟ್ಟು, ಒಂಟಿತನ: ಮೂರನ್ನೂ ಆಕೆಗೆ ಕೊಟ್ಟವರು ನಾವೇ.

ಮಾರ್ಕನ ಶುಭಸಂದೇಶದ ಐದನೆಯ ಅಧ್ಯಾಯವನ್ನು ನೀವು ಎಷ್ಟು ಸಲ ಕೇಳಿಲ್ಲ! ಯಾಯಿರನ ಮಗಳು ಸಾಯುವ ಸ್ಥಿತಿಯಲ್ಲಿದ್ದಾಳೆ. ಹನ್ನೆರಡು ವರ್ಷದ ಹುಡುಗಿ. ಅಪ್ಪ ಬಂದು ಕಾಲಿಗೆ ಬಿದ್ದಿದ್ದಾನೆ, ಒಂದು ಗಳಿಗೆಯೂ ತಡಮಾಡುವಂತಿಲ್ಲ, ಯೇಸುಸ್ವಾಮಿ ಆ ಮಗುವನ್ನು ಉಳಿಸಲು ಹೊರಟಿದ್ದಾರೆ, ಜನ ಮೈಮೇಲೆ ಮುಗಿಬೀಳುತ್ತಿದ್ದಾರೆ. ಆ ನೂಕುನುಗ್ಗಲಿನಲ್ಲಿ ಒಬ್ಬಳು ಹಿಂದಿನಿಂದ ಬಂದು ಉಡುಪನ್ನು ಮುಟ್ಟುತ್ತಾಳೆ. ಹನ್ನೆರಡು ವರ್ಷದಿಂದ ರಕ್ತ ಹರಿಯುತ್ತಿರುವ ಹೆಂಗಸು. ಇದ್ದದ್ದನ್ನೆಲ್ಲ ವೈದ್ಯರಿಗೆ ಸುರಿದು ಬರಿಗೈಯಾದವಳು. ಆ ಕಾಲದ ಕಟ್ಟಳೆಯಂತೆ ಮುಟ್ಟಿಸಿಕೊಳ್ಳಬಾರದವಳು, ಆಕೆ ಕೂತ ಜಾಗವೂ ಮೈಲಿಗೆ. ಎದುರಿಗೆ ಬಂದು ಕೇಳುವ ಧೈರ್ಯ ಆಕೆಗಿಲ್ಲ. ಅಂಚು ಮುಟ್ಟಿ ಮರೆಯಾಗಬೇಕೆಂದಿದ್ದಳು.

ಆತ ನಿಂತ.

ಸಾಯುತ್ತಿರುವ ಮಗುವಿನ ಮನೆಗೆ ಹೋಗುವ ದಾರಿಯಲ್ಲಿ, ಆ ಅವಸರದ ನಟ್ಟನಡುವೆ, ಶಿಷ್ಯರೇ ಅಚ್ಚರಿಪಡುವ ಹಾಗೆ ನಿಂತು, ತಿರುಗಿ, ಮುಟ್ಟಿದವರು ಯಾರೆಂದು ಹುಡುಕಿದ. ಆಕೆ ನಡುಗುತ್ತ ಮುಂದೆ ಬಂದು ನಡೆದದ್ದನ್ನೆಲ್ಲ ಹೇಳುವವರೆಗೆ ಕಾದ. ಗದರಲಿಲ್ಲ. ಮಗಳೇ ಎಂದು ಕರೆದ. ನಾಲ್ಕು ಶುಭಸಂದೇಶಗಳನ್ನು ತಿರುವಿ ನೋಡಿ, ಹೆಣ್ಣೊಬ್ಬಳನ್ನು ಆತ ಹೀಗೆ ಮಗಳೇ ಎಂದು ಕರೆಯುವುದು ಈ ಒಂದೇ ಪ್ರಸಂಗದಲ್ಲಿ. ಅಷ್ಟರಲ್ಲಿ ಆಳುಗಳು ಬಂದರು, ಹುಡುಗಿ ಸತ್ತಳು ಎಂದರು. ಆ ಗಳಿಗೆಯಲ್ಲಿ ಯಾಯಿರನ ಎದೆ ಏನಾಗಿರಬೇಕು? ಈ ಹೆಂಗಸಿಗಾಗಿ ನಿಲ್ಲದಿದ್ದರೆ ನನ್ನ ಮಗು ಉಳಿಯುತ್ತಿತ್ತಲ್ಲ ಎಂದು ಆತ ಒಳಗೊಳಗೇ ಕುದಿದಿರಲಾರನೆ? ಆದರೆ ಯೇಸು ನಿಂತದ್ದರಿಂದ ಮಗುವೇನೂ ಕಳೆದುಹೋಗಲಿಲ್ಲ. ಹುಡುಗಿಯ ಕೈ ಹಿಡಿದು ಎಬ್ಬಿಸಿದ, ಅವಳಿಗೆ ಊಟ ಕೊಡಿ ಎಂದ.

ಮಗುವಿನ ಜೀವಕ್ಕಾಗಿ ಹೊರಟಿರುವ ಜನ ನಾವು. ಗರ್ಭದಲ್ಲಿರುವ ಜೀವ ದೇವರ ಕೊಡುಗೆ ಎಂದು ನಾನು ನಂಬುತ್ತೇನೆ, ಆ ನಂಬಿಕೆಯನ್ನು ಇಲ್ಲಿ ಕೂದಲೆಳೆಯಷ್ಟೂ ಸಡಿಲಿಸುತ್ತಿಲ್ಲ. 1971ರ ಆಗಸ್ಟ್ 10ರಂದು ಈ ದೇಶದ ಗರ್ಭಪಾತ ಕಾಯ್ದೆಗೆ ರಾಷ್ಟ್ರಪತಿಯ ಅಂಕಿತ ಬಿತ್ತು. ಆ ದಿನಾಂಕದ ಸುತ್ತ ನಾವು ಪ್ರಾರ್ಥಿಸುತ್ತೇವೆ, ಫಲಕ ಹಿಡಿದು ನಡೆಯುತ್ತೇವೆ, ದನಿಯಿಲ್ಲದ ಕೂಸುಗಳ ದನಿಯಾಗುತ್ತೇವೆ ಎನ್ನುತ್ತೇವೆ. ಆಗಲಿ. ಆದರೆ ಆ ನಡಿಗೆಯಲ್ಲಿ ನಮ್ಮ ಉಡುಪಿನ ಅಂಚಿಗೆ ಒಂದು ನಡುಗುವ ಕೈ ತಾಗಿದಾಗ ನಾವು ನಿಂತಿದ್ದೇವೆಯೆ?

ನಿಲ್ಲದಿದ್ದರೆ ಏನಾಗುತ್ತದೆಂದು ಬೆಳಗಾವಿಯನ್ನು ಕೇಳಬೇಕು. ಅಲ್ಲಿ ಬೆಳೆದ ದಂತವೈದ್ಯೆ ಸವಿತಾ ಹಾಲಪ್ಪನವರ್ 2012ರ ಅಕ್ಟೋಬರ್‌ನಲ್ಲಿ ಐರ್ಲೆಂಡಿನ ಗಾಲ್ವೆಯಲ್ಲಿ ಹದಿನೇಳು ವಾರದ ಬಸುರಿ. ಗರ್ಭ ಉಳಿಯುವುದಿಲ್ಲವೆಂದು ವೈದ್ಯರೇ ಹೇಳಿದ್ದರು. ಆದರೂ ಭ್ರೂಣದ ಎದೆಬಡಿತ ಇನ್ನೂ ಇದೆಯೆಂದು ಆಕೆ ಬೇಡಿದ ನೆರವನ್ನು ಕೊಡಲಿಲ್ಲ. ಇದು ಕ್ಯಾಥೋಲಿಕ್ ದೇಶವೆಂಬ ಮಾತು ಆಕೆಯ ಹಾಸಿಗೆಯ ಬಳಿ ಬಂದದ್ದು ನಿಜವೆಂದು ಆಮೇಲಿನ ವಿಚಾರಣೆಯಲ್ಲಿ ದಾದಿಯೊಬ್ಬರು ಒಪ್ಪಿಕೊಂಡರು. ಕೂಸೂ ಉಳಿಯಲಿಲ್ಲ, ಸೋಂಕು ರಕ್ತಕ್ಕೇರಿ ಅಕ್ಟೋಬರ್ 28ರಂದು ಸವಿತಾ ತೀರಿಹೋದರು. ಮೂವತ್ತೊಂದು ವರ್ಷ. ಆಕೆ ನಮ್ಮ ಮತದವರಲ್ಲ, ಆದರೆ ನಮ್ಮ ಮತದ ಹೆಸರು ಆಕೆಯ ಕಿವಿಗೆ ಬಿದ್ದದ್ದು ಆ ಗಳಿಗೆಯಲ್ಲಿ. ಇದನ್ನು ನೆನೆದಾಗೆಲ್ಲ ನನ್ನ ಕೈಯ ಜಪಸರ ಭಾರವಾಗುತ್ತದೆ.

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಮಹಿಳೆಯರ ಸಭೆಯೊಂದರಲ್ಲಿ ಜೀವದ ಪಾವಿತ್ರ್ಯದ ಬಗ್ಗೆ ಮಾತಾಡಲು ನನ್ನನ್ನು ಕರೆದಿದ್ದರು. ಪರದೆಯ ಮೇಲೆ ಚಿತ್ರಗಳನ್ನು ತೋರಿಸಿದೆ, ನೋಡಲಾಗದಂಥ ಚಿತ್ರಗಳು. ಕೊಲೆ ಎಂಬ ಪದವನ್ನು ಎಷ್ಟು ಸಲ ಆಡಿದೆನೋ. ನಡುವೆ ಒಬ್ಬಾಕೆ ಎದ್ದರು, ಬಾಯಿಗೆ ಸೆರಗು ಒತ್ತಿಹಿಡಿದು, ಗೋಡೆ ಸವರಿಕೊಂಡು ಹೊರಗೆ ಹೋದರು. ನಾನು ನೋಡಿದೆ. ಒಂದು ಕ್ಷಣ ಮಾತು ತಡೆಯಿತು, ಆಮೇಲೆ ಮುಂದಿನ ಚಿತ್ರಕ್ಕೆ ಹೋದೆ. ಚಪ್ಪಾಳೆ ಬಿತ್ತು, ಚಹಾ ಕುಡಿದೆವು, ಆಕೆಯ ಚಪ್ಪಲಿ ಬಾಗಿಲಲ್ಲಿ ಇರಲಿಲ್ಲ. ಯಾರು, ಏನಾಯಿತು ಎಂದು ನಾನು ವಿಚಾರಿಸಲಿಲ್ಲ. ನನ್ನ ಪ್ರಭು ನಿಂತ ಜಾಗದಲ್ಲಿ ನಾನು ನಿಲ್ಲಲಿಲ್ಲ.

ಬಾಗಿಲು ಮುಚ್ಚಿದೆ ಎಂದು ಆಕೆ ತಿಳಿದಿದ್ದಾಳೆ. ಮುಚ್ಚಿಲ್ಲವೆಂದು ಹೇಳಬೇಕಾದವರು ನಾವು ಹೇಳಲಿಲ್ಲ. 1995ರ ಮಾರ್ಚ್ 25ರಂದು ಪೋಪ್ ಎರಡನೆಯ ಜಾನ್ ಪಾಲ್ ಜೀವದ ಕುರಿತು ಬರೆದ ವಿಶ್ವಪತ್ರದಲ್ಲಿ, ಗರ್ಭಪಾತವನ್ನು ಅಷ್ಟು ಕಟುವಾಗಿ ಖಂಡಿಸಿದ ಅದೇ ಪತ್ರದ 99ನೆಯ ಭಾಗದಲ್ಲಿ, ಗರ್ಭಪಾತ ಮಾಡಿಸಿಕೊಂಡ ಹೆಂಗಸರತ್ತ ತಿರುಗಿ ನೇರವಾಗಿ ಅವರೊಡನೆಯೇ ಮಾತಾಡಿದರು. ನಿಮ್ಮ ತೀರ್ಮಾನದ ಹಿಂದೆ ಎಷ್ಟು ಒತ್ತಡಗಳಿದ್ದವೆಂದು ಧರ್ಮಸಭೆಗೆ ಗೊತ್ತು, ಭರವಸೆ ಬಿಡಬೇಡಿ, ನಿಮ್ಮ ಕೂಸನ್ನು ತಂದೆಯ ಕರುಣೆಗೆ ಒಪ್ಪಿಸಬಹುದು ಎಂಬುದು ಆ ಮಾತಿನ ತಿರುಳು. 2016ರ ನವೆಂಬರ್ 20ರಂದು, ಕರುಣೆಯ ಜೂಬಿಲಿ ವರ್ಷ ಮುಗಿದಾಗ, ಪೋಪ್ ಫ್ರಾನ್ಸಿಸ್ ಈ ಪಾಪವನ್ನು ಕ್ಷಮಿಸುವ ಅಧಿಕಾರವನ್ನು ಎಲ್ಲ ಗುರುಗಳಿಗೂ ಶಾಶ್ವತವಾಗಿ ಕೊಟ್ಟರು. ಬಿಷಪ್ಪರ ಅನುಮತಿಗಾಗಿ ಕಾಯಬೇಕಾಗಿಲ್ಲ. ಬಹಿಷ್ಕಾರದ ಮಾತಾಡುವವರು ಇನ್ನೊಂದನ್ನೂ ತಿಳಿದಿರಬೇಕು. ಹದಿನೆಂಟು ತುಂಬದವರಿಗೆ, ತೀವ್ರ ಭಯಕ್ಕೆ ಸಿಕ್ಕಿ ಮಾಡಿದವರಿಗೆ ಆ ಶಿಕ್ಷೆ ತಾನಾಗಿ ತಗುಲುವುದೇ ಇಲ್ಲವೆಂದು ಧರ್ಮಸಭೆಯ ಕಾನೂನು ಹೇಳುತ್ತದೆ. ಗಾಯನವೃಂದದ ಆ ಹುಡುಗಿಗೆ ಇದನ್ನು ಯಾರಾದರೂ ಹೇಳಿದ್ದಾರೆಯೆ? ಕಾನೂನೇ ಆಕೆಯ ಭಯಕ್ಕೆ ಕಿವಿಗೊಟ್ಟಿದೆ. ನಾವು ಕೊಟ್ಟಿಲ್ಲ.

ಗುರುಗಳೇ, ವರ್ಷಕ್ಕೊಮ್ಮೆಯಾದರೂ, ತಪಸ್ಸುಕಾಲದ ಒಂದು ಭಾನುವಾರ, ಪ್ರಸಂಗದಲ್ಲಿ ಈ ಬಾಗಿಲು ಮುಚ್ಚಿಲ್ಲವೆಂದು ಬಾಯಿಬಿಟ್ಟು ಹೇಳಿ. ಪಾಪನಿವೇದನೆಯಲ್ಲಿ ಕೇಳಿದ್ದು ನಿಮ್ಮೊಡನೆ ಮಣ್ಣಾಗುತ್ತದೆ ಎಂಬುದನ್ನೂ ಹೇಳಿ. ಅದು ಹೊರಬಿದ್ದೀತೆಂದೇ ಆಕೆ ಹೆದರುತ್ತಾಳೆ. ಪಾಪನಿವೇದನೆಯ ಪದ್ಧತಿಯಿಲ್ಲದ ಸಭೆಗಳ ಪಾಸ್ಟರುಗಳೇ, ನಿಮ್ಮಲ್ಲಿ ಆಕೆಗೆ ಜಾಲರಿಯ ಮರೆಯೂ ಇಲ್ಲ, ನಿಮ್ಮ ಮನೆಯ ಬಾಗಿಲನ್ನೇ ತಟ್ಟಬೇಕು, ತಟ್ಟುವಂತೆ ಇರಿ. ಮತ್ತು ದಯವಿಟ್ಟು, ನಿದ್ದೆ ಬಾರದ, ಊಟ ಸೇರದ, ಸಾಯಬೇಕೆನ್ನುವ ಹೆಂಗಸಿಗೆ ಪ್ರಾರ್ಥನೆಯೊಂದನ್ನೇ ಕೊಟ್ಟು ಕಳಿಸಬೇಡಿ. ಪ್ರಾರ್ಥನೆಯ ಜೊತೆ ವೈದ್ಯರೂ ಬೇಕು. ಬೆಂಗಳೂರಿನ ನಿಮ್ಹಾನ್ಸ್ ಇದೆ, ಟೆಲಿ ಮಾನಸ್‌ನ 14416 ನಂಬರಿಗೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಆಸ್ಪತ್ರೆಗಳನ್ನು ಕಟ್ಟಿದ ಪರಂಪರೆ ನಮ್ಮದು, ಇದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ.

ಉಳಿದ ನಾವು ಏನು ಮಾಡಬೇಕು? ದೊಡ್ಡದೇನನ್ನೂ ಅಲ್ಲ. ಅಂಗಳದಲ್ಲಿ ಆಕೆಯ ಬಗ್ಗೆ ಮಾತು ಬಂದಾಗ ಅದನ್ನು ಅಲ್ಲೇ ನಿಲ್ಲಿಸುವುದು. ಆಕೆಯ ಪಕ್ಕ ಕೂರುವುದು. ಆಕೆ ಹೇಳಿದರೆ ಕೇಳುವುದು, ಹೇಳದಿದ್ದರೆ ಕೆದಕದಿರುವುದು. ಆಕೆಗೆ ಇಲ್ಲದ ದುಃಖವನ್ನು ನಮ್ಮ ಸಮಾಧಾನಕ್ಕಾಗಿ ಆಕೆಯ ಮೇಲೆ ಹೊರಿಸದಿರುವುದು. ಆಕೆಯ ಗಂಡನನ್ನೂ ಒಮ್ಮೆ ನೋಡಿ. ಒತ್ತಾಯಿಸಿದವನಿರಬಹುದು, ಓಡಿಹೋದವನಿರಬಹುದು, ಅಥವಾ ಆ ದಿನ ಆಸ್ಪತ್ರೆಯ ಹೊರಗೆ ಬೈಕಿನ ಮೇಲೆ ಕೂತು ಅತ್ತವನೂ ಇರಬಹುದು. ಕಲ್ಲು ಹೊತ್ತವರು ಯೇಸುವಿನ ಮುಂದೆ ಎಳೆದುತಂದದ್ದು ಹೆಣ್ಣೊಬ್ಬಳನ್ನೇ, ಜೊತೆಗಿದ್ದ ಗಂಡಸನ್ನು ಬಿಟ್ಟುಬಂದಿದ್ದರು; ಆ ಪದ್ಧತಿಯನ್ನು ನಾವು ಎರಡು ಸಾವಿರ ವರ್ಷದಿಂದ ಬಿಟ್ಟಿಲ್ಲ.

ಪ್ರವಾದಿ ಯೆರೆಮೀಯನ ಗ್ರಂಥದಲ್ಲಿ ರಾಹೇಲಳು ಮಕ್ಕಳಿಗಾಗಿ ಅಳುತ್ತಾಳೆ, ಯಾರು ಸಂತೈಸಿದರೂ ಒಲ್ಲೆನೆನ್ನುತ್ತಾಳೆ. ನಾವು ಅಲ್ಲಿಗೇ ಪುಸ್ತಕ ಮುಚ್ಚುತ್ತೇವೆ. ಮರುವಾಕ್ಯದಲ್ಲೇ ದೇವರು ಆಕೆಯೊಡನೆ ಮಾತಾಡುತ್ತಾನೆ, ಕಣ್ಣೀರು ಒರೆಸಿಕೋ, ನಿನ್ನ ಮುಂದಿನ ದಿನಗಳಿಗೆ ಭರವಸೆಯಿದೆ ಎನ್ನುತ್ತಾನೆ. ಅಮೆರಿಕದ ಮಿಲ್ವಾಕಿಯಲ್ಲಿ ವಿಕಿ ಥಾರ್ನ್ ಎಂಬಾಕೆ 1984ರಲ್ಲಿ ಇಂಥ ತಾಯಂದಿರಿಗಾಗಿ ಕೆಲಸ ಶುರುಮಾಡಿದಾಗ ಅದಕ್ಕೆ ರಾಹೇಲಳ ಹೆಸರಿಟ್ಟದ್ದು ಇದೇ ಕಾರಣಕ್ಕೆ. ಅಂಥ ತಾಯಿ ಎದೆಯೊಳಗೆ ಕೇಳಿಕೊಳ್ಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ನನ್ನ ಮಗು ಈಗ ಎಲ್ಲಿದೆ? ದೀಕ್ಷಾಸ್ನಾನವಾಗಲಿಲ್ಲ, ಹೆಸರಿಡಲಿಲ್ಲ, ಮಣ್ಣು ಹಾಕಲಿಲ್ಲ. ದೀಕ್ಷಾಸ್ನಾನವಿಲ್ಲದೆ ತೀರಿಹೋದ ಶಿಶುಗಳೂ ರಕ್ಷಣೆ ಹೊಂದುವರೆಂದು ಆಶಿಸಲು ಗಟ್ಟಿಯಾದ ಆಧಾರಗಳಿವೆ ಎಂದು ವ್ಯಾಟಿಕನ್ನಿನ ದೈವಶಾಸ್ತ್ರಜ್ಞರ ಆಯೋಗ 2007ರಲ್ಲಿ ಹೇಳಿದೆ. ಆ ವಾಕ್ಯ ರೋಮ್‌ನಿಂದ ಹೊರಟು ನಮ್ಮ ಕೊನೆಯ ಬೆಂಚಿಗೆ ಇನ್ನೂ ಬಂದು ತಲುಪಿಲ್ಲ.

ನವೆಂಬರ್ 2 ಬರುತ್ತದೆ. ಸಕಲ ಮೃತರ ಸ್ಮರಣೆಯ ಸಂಜೆ ನಾವೆಲ್ಲ ಸಮಾಧಿಭೂಮಿಗೆ ಹೋಗುತ್ತೇವೆ, ಹುಲ್ಲು ಕಿತ್ತು, ಶಿಲುಬೆ ತೊಳೆದು, ಚೆಂಡುಹೂವಿಟ್ಟು, ಅಪ್ಪನಿಗೆ, ಅಜ್ಜಿಗೆ, ಅಕಾಲದಲ್ಲಿ ಹೋದ ತಮ್ಮನಿಗೆ ಮೇಣದಬತ್ತಿ ಹಚ್ಚುತ್ತೇವೆ. ಆಕೆಯೂ ಬಂದಿರುತ್ತಾಳೆ. ತನ್ನವರ ಸಮಾಧಿಗಳಿಗೆಲ್ಲ ಹಚ್ಚಿಯಾದ ಮೇಲೂ ಆಕೆಯ ಚೀಲದಲ್ಲಿ ಒಂದು ಬತ್ತಿ ಮಿಕ್ಕಿರುತ್ತದೆ, ಪ್ರತಿವರ್ಷವೂ ಮಿಕ್ಕಿರುತ್ತದೆ, ಅದನ್ನು ಎಲ್ಲಿ ಇಡುವುದೆಂದು ತಿಳಿಯದೆ ಮನೆಗೆ ವಾಪಸು ಒಯ್ಯುತ್ತಾಳೆ. ಈ ವರ್ಷ ಸಮಾಧಿಭೂಮಿಯ ಒಂದು ಮೂಲೆಯಲ್ಲಿ, ದೊಡ್ಡ ಶಿಲುಬೆಯ ಬುಡದಲ್ಲಿ, ಸಮಾಧಿಯಿಲ್ಲದ ಮಕ್ಕಳಿಗಾಗಿ ಒಂದಿಷ್ಟು ಜಾಗ ಬಿಡಿಸಿ. ಯಾರು ಹಚ್ಚಿದರು, ಯಾಕೆ ಹಚ್ಚಿದರು ಎಂದು ಯಾರೂ ಕೇಳದಿರಲಿ. ಗರ್ಭದಲ್ಲೇ ಕಳೆದುಕೊಂಡವರು, ಹೆತ್ತು ಕಳೆದುಕೊಂಡವರು ಅಲ್ಲಿಗೆ ಬರುತ್ತಾರೆ, ಅವರ ನಡುವೆ ಆಕೆಯೂ ಬರಬಹುದು. ಗಾಳಿಗೆ ಬತ್ತಿ ಹೊತ್ತದೆ ಆಕೆ ಮರೆಗೈ ಹಿಡಿದು ಒದ್ದಾಡುತ್ತಿರುವುದನ್ನು ನೀವು ಗೇಟಿನ ಕಡೆ ಹೊರಟವರು ನೋಡುತ್ತೀರಿ. ನಿಮ್ಮ ಜೇಬಿನಲ್ಲಿ ಬೆಂಕಿಪೊಟ್ಟಣವಿರುತ್ತದೆ.