ಗೊಂದಲವೆಂದು ಕಿವಿ ಮುಚ್ಚಿಕೊಳ್ಳುವವರಿಗೆ

ಇಂಗ್ಲಿಷಿನ ಕೇಯಾಸ್ ಎಂಬ ಶಬ್ದವನ್ನು ನಮ್ಮಲ್ಲಿ ‘ಗೊಂದಲ’ ಎಂದೋ ‘ಅವ್ಯವಸ್ಥೆ’ ಎಂದೋ ಅನುವಾದಿಸುವುದು ರೂಢಿ. ನಿಘಂಟಿನ ಮಟ್ಟಿಗೆ ಇದು ಸರಿ, ವಿಜ್ಞಾನದ ಮಟ್ಟಿಗೆ ತಪ್ಪು. ಗಣಿತಜ್ಞರು ಕೇಯಾಸ್ ಎಂದು ಕರೆಯುವ ವರ್ತನೆಯಲ್ಲಿ ಪ್ರತಿಯೊಂದು ಕ್ಷಣವೂ ಹಿಂದಿನ ಕ್ಷಣದಿಂದ ನಿಯಮಬದ್ಧವಾಗಿ ಹುಟ್ಟುತ್ತದೆ. ಆದರೂ ದೂರದ ಕ್ಷಣವೊಂದರಲ್ಲಿ ಏನಾಗುವುದೆಂದು ಮುಂಚಿತವಾಗಿ ಹೇಳಲು ಬಾರದು. ನಿಯಮವುಂಟು, ಮುನ್ಸೂಚನೆಯಿಲ್ಲ. ಈ ವಿಚಿತ್ರವನ್ನು ಹೈಸ್ಕೂಲಿನ ಮಕ್ಕಳಿಗೆ ಮನಗಾಣಿಸಲು ಕರಿಹಲಗೆಗಿಂತ ಉತ್ತಮವಾದ ದಾರಿಯೊಂದಿದೆ. ಅದು ಕಿವಿಯ ದಾರಿ.

ಸಿಂಥಸೈಜರಿನ ಬಿಡಿಘಟಕಗಳನ್ನು, ಅಂದರೆ ಮಾಡ್ಯೂಲ್‌ಗಳನ್ನು, ತಮ್ಮ ಕೈಯಿಂದಲೇ ಬೆಸುಗೆ ಹಾಕಿ ತಯಾರಿಸಿ, ತಂತಿಗಳಿಂದ ಪರಸ್ಪರ ಜೋಡಿಸಿ, ಇಂಥ ನಾದಗಳನ್ನು ಹೊರಡಿಸುವ ಹವ್ಯಾಸಿಗಳು ಜಗತ್ತಿನ ಹಲವೆಡೆ ಇದ್ದಾರೆ. ನಿವೃತ್ತಿಯ ನಂತರ ನಾನೂ ಆ ಪಂಗಡಕ್ಕೆ ಸೇರಿದವನು. “ಮೇಷ್ಟ್ರೇ, ಈ ವಯಸ್ಸಿನಲ್ಲಿ ಭಜನೆ ಬಿಟ್ಟು ಇದೇನು ಕಿರಿಕಿರಿ?” ಎಂದು ಕೇಳುವ ನೆರೆಹೊರೆಯವರಿಗೆ ನನ್ನ ನಗೆಯೇ ಉತ್ತರ. ಆದರೆ “ಇದರಲ್ಲಿ ಸಂಗೀತವೂ ಇಲ್ಲ, ವಿಜ್ಞಾನವೂ ಇಲ್ಲ, ಬರಿಯ ಗದ್ದಲ” ಎಂದು ತೀರ್ಪು ಕೊಡುವ ವಿದ್ಯಾವಂತರೂ ಇದ್ದಾರೆ. ಈ ಬರಹ ಅವರಿಗೆ.

ವಿಷಯಕ್ಕೆ ಹೊಸಬರಾದ ಓದುಗರಿಗಾಗಿ ಎರಡು ಮಾತು. 1960ರ ದಶಕದ ನಡುವಿನಲ್ಲಿ ಅಮೆರಿಕದ ರಾಬರ್ಟ್ ಮೂಗ್ ಮತ್ತು ಡಾನ್ ಬುಕ್ಲಾ ಪ್ರತ್ಯೇಕವಾಗಿ ಮಾಡ್ಯುಲರ್ ಸಿಂಥಸೈಜರುಗಳನ್ನು ರೂಪಿಸಿದರು. ಒಂದು ಘಟಕ ಸ್ವರವನ್ನು ಹುಟ್ಟಿಸುತ್ತದೆ, ಇನ್ನೊಂದು ಅದನ್ನು ಸೋಸುತ್ತದೆ, ಮತ್ತೊಂದು ಅದರ ಏರಿಳಿತವನ್ನು ನಿಯಂತ್ರಿಸುತ್ತದೆ. ಯಾವುದನ್ನು ಯಾವುದಕ್ಕೆ ಜೋಡಿಸಬೇಕೆಂಬುದು ನುಡಿಸುವವನ ಆಯ್ಕೆ. ಈ ತಂತಿಜೋಡಣೆಗೆ ಪ್ಯಾಚ್ ಎಂದು ಹೆಸರು. ಬುಕ್ಲಾ ತಯಾರಿಸಿದ ಒಂದು ಘಟಕದ ಹೆಸರೇ ‘ಅನಿಶ್ಚಿತತೆಯ ಆಕರ’ ಎಂಬರ್ಥದ್ದು. 1970ರ ದಶಕದಲ್ಲಿ ಕ್ಯಾಲಿಫೋರ್ನಿಯದಲ್ಲಿ ಸರ್ಜ್ ಚೆರೆಪ್ನಿನ್, ವಿದ್ಯಾರ್ಥಿಗಳು ತಾವೇ ಕಟ್ಟಿಕೊಳ್ಳಬಹುದಾದ ಘಟಕಗಳನ್ನು ಕಿಟ್ ರೂಪದಲ್ಲಿ ಒದಗಿಸಿದರು. 1990ರ ದಶಕದ ನಡುವಿನಲ್ಲಿ ಜರ್ಮನಿಯ ಡೀಟರ್ ಡೋಪ್ಫರ್ ಯೂರೋರ‍್ಯಾಕ್ ಎಂಬ ಅಳತೆಯನ್ನು ತಂದರು: 128.5 ಮಿಲಿಮೀಟರ್ ಎತ್ತರದ ಫಲಕ, ಧನ ಮತ್ತು ಋಣ 12 ವೋಲ್ಟ್ ವಿದ್ಯುತ್ತು. ಇಂದಿನ ಹವ್ಯಾಸಿಗಳಲ್ಲಿ ಹೆಚ್ಚಿನವರು ಅನುಸರಿಸುವುದು ಇದನ್ನೇ.

ಈಗ ಗದ್ದಲದ ಆರೋಪಕ್ಕೆ ಬರೋಣ. ಇದು ಹೊಸ ಆರೋಪವಲ್ಲ. 1927ರಲ್ಲಿ ನೆದರ್ಲೆಂಡ್ಸ್‌ನ ಬಾಲ್ತಸಾರ್ ಫಾನ್ ಡರ್ ಪೋಲ್ ಮತ್ತು ಅವರ ಸಹೋದ್ಯೋಗಿ ಫಾನ್ ಡರ್ ಮಾರ್ಕ್, ನಿಯಾನ್ ದೀಪವೊಂದನ್ನು ಬಳಸಿ ಆಂದೋಲಕ ಮಂಡಲವನ್ನು ಕಟ್ಟಿದರು. ಹೊರಗಿನಿಂದ ಒಂದು ನಿಶ್ಚಿತ ಆವರ್ತದ ಸಂಕೇತವನ್ನು ಅದಕ್ಕೆ ಉಣಿಸಿ, ಟೆಲಿಫೋನಿನ ಶ್ರವಣಿಯಿಂದ ಆಲಿಸಿದರು. ಕೆಪಾಸಿಟರಿನ ಬೆಲೆಯನ್ನು ಬದಲಿಸುತ್ತ ಹೋದಂತೆ ಮಂಡಲದ ಸ್ವರ ಮೂಲದ ಅರ್ಧಕ್ಕೆ, ಮೂರನೆಯ ಒಂದಕ್ಕೆ, ನಾಲ್ಕನೆಯ ಒಂದಕ್ಕೆ ಮೆಟ್ಟಿಲಿಳಿದಂತೆ ಇಳಿಯಿತು. ಒಂದು ಮೆಟ್ಟಿಲಿನಿಂದ ಮುಂದಿನದಕ್ಕೆ ಜಿಗಿಯುವ ಮುನ್ನ ಹಲವು ಬಾರಿ ಒಂದು ಅಡ್ಡಾದಿಡ್ಡಿ ಸದ್ದು ಕೇಳಿಸುತ್ತಿತ್ತು. ಅವರು ಅದನ್ನು ಪ್ರಾಮಾಣಿಕವಾಗಿ ದಾಖಲಿಸಿದರು, ಗೌಣವೆಂದು ಪಕ್ಕಕ್ಕಿಟ್ಟರು. ಕೇಯಾಸ್ ಮನುಷ್ಯನ ಕಿವಿಗೆ ಹೀಗೆ ಬಿದ್ದಿತ್ತು. ಅದನ್ನು ಗದ್ದಲವೆಂದು ಬಗೆದದ್ದರಿಂದ ಅದರ ಗುರುತು ಹತ್ತಲು ದಶಕಗಳೇ ಹಿಡಿದವು.

1961ರಲ್ಲಿ ಹವಾಮಾನ ವಿಜ್ಞಾನಿ ಎಡ್ವರ್ಡ್ ಲೊರೆನ್ಜ್ ತಮ್ಮ ಕಂಪ್ಯೂಟರಿನ ಲೆಕ್ಕವೊಂದನ್ನು ನಡುವಿನಿಂದ ಮತ್ತೆ ಆರಂಭಿಸಲು 0.506127 ಎಂಬುದರ ಬದಲು 0.506 ಎಂದು ಉಣಿಸಿದರು. ಸ್ವಲ್ಪ ಹೊತ್ತು ಹಳೆಯ ದಾರಿಯಲ್ಲೇ ಸಾಗಿದ ಫಲಿತಾಂಶ, ಮುಂದೆ ಗುರುತೇ ಸಿಗದಷ್ಟು ಬೇರೆಯಾಯಿತು. 1963ರಲ್ಲಿ ಅವರು ಪ್ರಕಟಿಸಿದ ಪ್ರಬಂಧದಲ್ಲಿದ್ದದ್ದು ಮೂರೇ ಮೂರು ಸಮೀಕರಣಗಳು. ಇಪ್ಪತ್ತು ವರ್ಷಗಳ ಬಳಿಕ, 1983ರಲ್ಲಿ, ಟೋಕಿಯೋದ ವಾಸೇದಾ ವಿಶ್ವವಿದ್ಯಾಲಯದಲ್ಲಿ ಆ ಸಮೀಕರಣಗಳನ್ನು ವಿದ್ಯುನ್ಮಂಡಲವಾಗಿ ಕಟ್ಟುವ ಯತ್ನ ನಡೆದಿತ್ತು. ಪ್ರಾತ್ಯಕ್ಷಿಕೆ ವಿಫಲವಾಯಿತು. ಅದನ್ನು ನೋಡುತ್ತಿದ್ದ ಲಿಯೋನ್ ಚುವಾ, ಇದಕ್ಕಿಂತ ಸರಳವಾದದ್ದು ಸಾಧ್ಯವೆಂದು ಯೋಚಿಸಿ ಒಂದು ಮಂಡಲವನ್ನು ರೂಪಿಸಿದರು. ಇಂದು ಅದು ಅವರ ಹೆಸರಿನಿಂದಲೇ ಪ್ರಸಿದ್ಧ.

ಚುವಾ ಮಂಡಲಕ್ಕೆ ಬೇಕಾದ ಸಾಮಗ್ರಿಯನ್ನು ಕೇಳಿದರೆ ನಕ್ಕುಬಿಡುವಿರಿ. 10 ಮತ್ತು 100 ನ್ಯಾನೋಫ್ಯಾರಡ್‌ನ ಎರಡು ಕೆಪಾಸಿಟರುಗಳು, 18 ಮಿಲಿಹೆನ್ರಿಯ ಒಂದು ಸುರುಳಿ, 2 ಕಿಲೋ ಓಮ್‌ನ ತಿರುಗಿಸಬಲ್ಲ ಒಂದು ರೋಧಕ, ಎಂಟು ಕಾಲಿನ ಟಿಎಲ್082 ಎಂಬ ಒಂದು ಆಪ್-ಆಂಪ್ ಚಿಪ್, ಆರು ಸಣ್ಣ ರೋಧಕಗಳು, 9 ವೋಲ್ಟಿನ ಎರಡು ಬ್ಯಾಟರಿಗಳು. ಚಿಪ್ ಮತ್ತು ಆರು ರೋಧಕಗಳು ಸೇರಿ ‘ಚುವಾ ಡಯೋಡ್’ ಆಗುತ್ತವೆ. ಸಾಮಾನ್ಯ ರೋಧಕ ಶಕ್ತಿಯನ್ನು ನುಂಗಿದರೆ ಇದು ಮಂಡಲಕ್ಕೆ ಶಕ್ತಿಯನ್ನು ತುಂಬುತ್ತದೆ. ತುಂಬುವ ಪ್ರಮಾಣ ವೋಲ್ಟೇಜಿನ ಒಂದು ಗಡಿಯಲ್ಲಿ ಥಟ್ಟನೆ ಬದಲಾಗುತ್ತದೆ. ಗುಟ್ಟೆಲ್ಲ ಇರುವುದು ಆ ಮುರಿದ ಗೆರೆಯಲ್ಲಿ. ಸುರುಳಿ ಅಂಗಡಿಯಲ್ಲಿ ಸಿಗದಿದ್ದರೆ ಇನ್ನೆರಡು ಆಪ್-ಆಂಪ್‌ಗಳಿಂದ ಗೈರೇಟರ್ ಕಟ್ಟಿ ಆ ಕೆಲಸ ಮಾಡಿಸಬಹುದು. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಸಾಲಿನಲ್ಲಿ ಅರ್ಧ ದಿನ ಅಲೆದರೆ ಎಲ್ಲವೂ ಚೀಲದಲ್ಲಿರುತ್ತವೆ.

ಈಗ ಆಲಿಸಿ. ಸುರುಳಿ ಮತ್ತು ದೊಡ್ಡ ಕೆಪಾಸಿಟರುಗಳ ಸಹಜ ಆವರ್ತವನ್ನು ಲೆಕ್ಕ ಹಾಕಿದರೆ ಸುಮಾರು 3,750 ಹರ್ಟ್ಸ್ ಬರುತ್ತದೆ. ಕಿವಿಗೆ ನಿಲುಕುವ ಎತ್ತರವೇ. ಇನ್ನೊಂದು ಆಪ್-ಆಂಪ್ ಅನ್ನು ನಡುವೆ ಇಟ್ಟು, ಆಂಪ್ಲಿಫೈಯರಿನ ದನಿಯನ್ನು ತಗ್ಗಿಸಿ, ರೋಧಕದ ಗುಬ್ಬಿಯನ್ನು ಮೆಲ್ಲಗೆ ತಿರುಗಿಸಬೇಕು. ರೋಧ ಹೆಚ್ಚಿದ್ದಾಗ ಮೌನ. ತಗ್ಗಿಸುತ್ತ ಬಂದಂತೆ ಒಂದು ಶುದ್ಧ ಸ್ವರ; ಅದನ್ನು ಷಡ್ಜವೆನ್ನಿ. ಇನ್ನೂ ಕೊಂಚ ತಗ್ಗಿಸಿದರೆ ಒಂದು ಸ್ಥಾಯಿ ಕೆಳಗಿನ ಷಡ್ಜವೂ ಅದರೊಡನೆ ಕೂಡಿಕೊಳ್ಳುತ್ತದೆ. ಮತ್ತೆ ಕೂದಲೆಳೆಯಷ್ಟು ತಿರುಗಿಸಿದರೆ ಎರಡು ಸ್ಥಾಯಿ ಕೆಳಗಿನದು. ಪ್ರತಿ ಇಳಿತಕ್ಕೂ ಬೇಕಾದ ತಿರುವು ಹಿಂದಿನದಕ್ಕಿಂತ ಕಿರಿದಾಗುತ್ತ ಹೋಗುತ್ತದೆ. ಈ ಕಿರಿದಾಗುವಿಕೆಯ ಪ್ರಮಾಣ ಸಮೀಪಿಸುವ 4.669 ಎಂಬ ಸಂಖ್ಯೆಯನ್ನು 1970ರ ದಶಕದಲ್ಲಿ ಮಿಚೆಲ್ ಫೈಗೆನ್‌ಬಾಮ್ ಕಂಡುಕೊಂಡರು. ಅಲ್ಲಿಂದಾಚೆಗೆ ಸ್ವರ ಒಡೆದು, ಒರಟಾಗಿ ಉಸಿರಾಡತೊಡಗುತ್ತದೆ. ಇದೇ ಕೇಯಾಸ್. ಇಲ್ಲಿಗೆ ನಿಲ್ಲಿಸಬೇಡಿ. ಒರಟಿನ ನಡುವೆ ಒಂದು ಇಕ್ಕಟ್ಟಾದ ಜಾಗದಲ್ಲಿ ಇದ್ದಕ್ಕಿದ್ದಂತೆ ಮತ್ತೆ ಸ್ಥಿರ ನಾದ ಸಿಗುತ್ತದೆ. ಅದು ಮೂಲದ ಮೂರನೆಯ ಒಂದು ಭಾಗ. ನಮ್ಮ ಲೆಕ್ಕದಲ್ಲಿ ಎರಡು ಸ್ಥಾಯಿ ಕೆಳಗಿನ ಶುದ್ಧ ಮಧ್ಯಮ. ಗುಬ್ಬಿಯನ್ನು ಮತ್ತೂ ತಿರುಗಿಸಿದರೆ ಅದೂ ಒಡೆಯುತ್ತದೆ.

ಇದನ್ನು ಗದ್ದಲವೆನ್ನುವವರನ್ನು ನಾನು ಕೇಳುತ್ತೇನೆ: ಗದ್ದಲದಲ್ಲಿ ಮಧ್ಯಮ ಅಡಗಿರುತ್ತದೆಯೇ? ಸಿಂಥಸೈಜರಿನಲ್ಲಿ ನಿಜವಾದ ಗದ್ದಲದ ಘಟಕವೂ ಉಂಟು. ಟ್ರಾನ್ಸಿಸ್ಟರಿನ ಒಂದು ಸಂಧಿಗೆ ಹಿಮ್ಮುಖವಾಗಿ ವೋಲ್ಟೇಜ್ ಕೊಟ್ಟು, ಅಲ್ಲಿ ಹುಟ್ಟುವ ಭೋರ್ಗರೆತವನ್ನು ದೊಡ್ಡದು ಮಾಡಿದರೆ ಅದು ಸಿದ್ಧ. ಅದರ ದನಿಯನ್ನು ಹೆಚ್ಚಿಸಿ, ತಗ್ಗಿಸಿ, ಸೋಸಿ. ಒಡಲಲ್ಲಿ ಯಾವ ಸ್ಥಾಯಿಯೂ ದೊರೆಯದು. ಆಸಿಲೋಸ್ಕೋಪಿನ ಎರಡು ಅಕ್ಷಗಳಿಗೆ ಇಂಥ ಎರಡು ಗದ್ದಲಗಳನ್ನು ಕೊಟ್ಟರೆ ಪರದೆಯ ಮೇಲೆ ಕಾಣುವುದು ಮಸಕಾದ ಒಂದು ಕಲೆ. ಚುವಾ ಮಂಡಲದ ಎರಡು ಕೆಪಾಸಿಟರುಗಳ ವೋಲ್ಟೇಜನ್ನು ಕೊಟ್ಟರೆ ಕಾಣುವುದು ಎರಡು ಸುರುಳಿಗಳ ಚಿತ್ರ. ಗೆರೆ ಒಂದರಿಂದ ಇನ್ನೊಂದಕ್ಕೆ ಹಾರುತ್ತಲೇ ಇರುತ್ತದೆ, ಆದರೆ ಚಿತ್ರದ ಎಲ್ಲೆಯನ್ನು ಮೀರುವುದಿಲ್ಲ. ಎರಡರ ವ್ಯತ್ಯಾಸ ತಿಳಿಯದವರು ತೀರ್ಪು ಕೊಡುವ ಮೊದಲು ಹತ್ತು ನಿಮಿಷ ಕುಳಿತು ಕೇಳಲಿ.

ಪ್ಯಾಚ್ ಮಾಡುವುದರಲ್ಲಿಯೂ ಇದೇ ಪಾಠ. ಅದೇ ನೆದರ್ಲೆಂಡ್ಸ್‌ನ ರಾಬ್ ಹೋರ್ಡೈಕ್, ಹವ್ಯಾಸಿಗಳು ತಾವೇ ಕಟ್ಟಲೆಂದು ಬೆಂಜೋಲಿನ್ ಎಂಬ ವಾದ್ಯವನ್ನು ರೂಪಿಸಿದರು. ಅದರಲ್ಲಿ ಎರಡು ಆಂದೋಲಕಗಳು, ಒಂದು ಫಿಲ್ಟರ್, ನಡುವೆ ರಂಗ್ಲರ್ ಎಂಬ ಭಾಗ. ಒಂದು ಆಂದೋಲಕ ಶಿಫ್ಟ್ ರಿಜಿಸ್ಟರಿಗೆ ತಾಳ ಹಾಕುತ್ತದೆ. ಇನ್ನೊಂದು ಅದರೊಳಕ್ಕೆ ಸೊನ್ನೆ ಅಥವಾ ಒಂದನ್ನು ತಳ್ಳುತ್ತದೆ. ಕೊನೆಯ ಮೂರು ಮನೆಗಳ ಅಂಕಿಗಳು ಎಂಟು ಮಟ್ಟಗಳ ವೋಲ್ಟೇಜಾಗಿ ಮಾರ್ಪಟ್ಟು, ಅದೇ ಎರಡು ಆಂದೋಲಕಗಳ ಸ್ವರವನ್ನು ಏರಿಸಿ ಇಳಿಸುತ್ತವೆ. ಪ್ರಶ್ನೆ ಕೇಳಿದವನೇ ಉತ್ತರದಿಂದ ಬದಲಾಗಿ ಮುಂದಿನ ಪ್ರಶ್ನೆಯನ್ನು ಬೇರೆ ರೀತಿಯಲ್ಲಿ ಕೇಳಿದಂತೆ. ಒಳಗೆ ಅದೃಷ್ಟಕ್ಕೆ ಜಾಗವಿಲ್ಲ, ಆದರೆ ಮುಂದಿನ ಸ್ವರವನ್ನು ಮೊದಲೇ ಹಾಡಬಲ್ಲವರನ್ನು ನಾನು ಕಂಡಿಲ್ಲ.

ಇಷ್ಟೆಲ್ಲ ಆವೇಶ ಒಂದು ಹವ್ಯಾಸಕ್ಕಾಗಿಯೇ ಎಂದು ನೀವು ಕೇಳಬಹುದು. ಖಂಡಿತ ಅಲ್ಲ. ನಾನು ಸೇವೆ ಸಲ್ಲಿಸಿದ ಶಾಲೆಯೊಂದರ ವಿಜ್ಞಾನ ಪ್ರದರ್ಶನದಲ್ಲಿ ಮಕ್ಕಳು ಇಂಥ ಸರಳ ಮಂಡಲವನ್ನು ಕಟ್ಟಿ ಇಟ್ಟಿದ್ದರು. ಪರಿಶೀಲನೆಗೆ ಬಂದ ಹಿರಿಯರೊಬ್ಬರು ಎರಡು ಬಾರಿ ಸ್ವಿಚ್ ಒತ್ತಿ, ಎರಡು ಬಾರಿಯೂ ಬೇರೆ ಬೇರೆ ಸದ್ದು ಕೇಳಿ, “ಪ್ರತಿಸಲ ಒಂದೇ ಫಲಿತಾಂಶ ಬಾರದ್ದು ಪ್ರಯೋಗವೇ ಅಲ್ಲ” ಎಂದು ಅದನ್ನು ಮೇಜಿನಿಂದ ತೆಗೆಸಿದರು. ಪಕ್ಕದ ಮೇಜಿನಲ್ಲಿ ಓಮ್‌ನ ನಿಯಮದ ಪ್ರಯೋಗವಿತ್ತು; ಅದರ ದತ್ತಾಂಶವನ್ನು ಮಕ್ಕಳು ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ ಬರೆದಿದ್ದರು. ಬಹುಮಾನ ಅದಕ್ಕೆ ಹೋಯಿತು. ಪ್ರಾಯೋಗಿಕ ಪರೀಕ್ಷೆಗಳಲ್ಲಿ ‘ಸರಿಯಾದ ರೀಡಿಂಗ್’ ತಯಾರಿಸುವ ಕಲೆಯನ್ನು ನಮ್ಮ ಮಕ್ಕಳಿಗೆ ಕಲಿಸಿದವರು ನಾವೇ ಅಲ್ಲದೆ ಮತ್ತಾರು? ಉತ್ತರ ಮೊದಲೇ ಗೊತ್ತಿರುವ ಪ್ರಯೋಗದಲ್ಲಿ ಕಿವಿ ಕಣ್ಣುಗಳಿಗೆ ಕೆಲಸವಿಲ್ಲ. ಕೇಯಾಸ್ ಮಂಡಲದ ಮುಂದೆ ಕುಳಿತ ಮಗು ಮಾತ್ರ ಸುಳ್ಳು ಬರೆಯಲಾರದು. ನಕಲು ಮಾಡಲು ಅಲ್ಲಿ ಸಿದ್ಧ ಉತ್ತರವೇ ಇರುವುದಿಲ್ಲ.

“ಇದೆಲ್ಲ ಕಂಪ್ಯೂಟರಿನಲ್ಲಿಯೇ ಸಿಗುತ್ತದಲ್ಲ, ಬೆಸುಗೆಯ ಹೊಗೆ ಏಕೆ?” ಎನ್ನುವವರ ಮಾತಿನಲ್ಲಿ ಅರ್ಧ ಸತ್ಯವಿದೆ. ಉಚಿತ ತಂತ್ರಾಂಶಗಳಲ್ಲಿ ಮಾಡ್ಯುಲರ್ ಸಿಂಥಸೈಜರನ್ನು ಅಭ್ಯಾಸ ಮಾಡಬಹುದು. ಕಾಸಿಲ್ಲದವರಿಗೆ ಅದು ವರವೇ ಸರಿ. ಆದರೆ ಶೇಕಡ 5ರಷ್ಟು ಹೆಚ್ಚುಕಡಿಮೆ ಇರಬಹುದಾದ ರೋಧಕಗಳಿಂದ, ಒಂದೇ ನಕ್ಷೆಯನ್ನು ನೋಡಿ ಇಬ್ಬರು ಮಕ್ಕಳು ಕಟ್ಟಿದ ಎರಡು ಮಂಡಲಗಳು ಗುಬ್ಬಿಯ ಬೇರೆ ಬೇರೆ ಸ್ಥಾನಗಳಲ್ಲಿ ಒಡೆಯುತ್ತವೆ. ಏಕೆಂಬ ಪ್ರಶ್ನೆಯನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸಿದ್ಧ ಘಟಕಗಳನ್ನು ದುಬಾರಿ ಬೆಲೆಗೆ ಕೊಂಡು ಬೊಂಬೆ ಜೋಡಿಸಿದಂತೆ ಗೋಡೆಗೆ ಜೋಡಿಸುವ ಶ್ರೀಮಂತ ಹವ್ಯಾಸಿಗಳ ಮೇಲೂ ನನ್ನ ತಕರಾರಿದೆ. ಫಲಕದ ಹಿಂದೆ ಏನಿದೆಯೆಂದು ನೋಡದವನಿಗೆ ಕೇಯಾಸ್ ಮತ್ತೆ ಮಾಯಾಜಾಲವೇ ಆಗುತ್ತದೆ.

ಇವೆಲ್ಲ ಪರದೇಶದ ಶೋಕಿ ಎಂಬ ಮಾತಿಗೂ ಉತ್ತರವುಂಟು. 1969ರಲ್ಲಿಯೇ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಮೂಗ್ ಸಿಂಥಸೈಜರ್ ಬಂದಿತ್ತು. ಅದನ್ನು ಸ್ಥಾಪಿಸಿಕೊಟ್ಟವರು ಅಮೆರಿಕದ ಡೇವಿಡ್ ಟ್ಯೂಡರ್. ಹೊರಗಿನ ಯಾವ ಸಂಕೇತವನ್ನೂ ಉಣಿಸದೆ, ಉಪಕರಣಗಳ ಹೊರಹರಿವನ್ನೇ ಅವುಗಳ ಒಳಕ್ಕೆ ಮರಳಿಸಿ ನಾದ ಹುಟ್ಟಿಸುವ ಕೃತಿಯನ್ನು 1972ರಲ್ಲಿ ರಚಿಸಿದವರೂ ಅವರೇ. ಗೀತಾ ಸಾರಾಭಾಯಿ, ಎಸ್.ಸಿ. ಶರ್ಮಾ, ಅತುಲ್ ದೇಸಾಯಿ, ಐ.ಎಸ್. ಮಾಥುರ್, ಜಿನರಾಜ್ ಜೋಶಿಪುರ ಮುಂತಾದವರು ಅಹಮದಾಬಾದಿನ ಆ ಸ್ಟುಡಿಯೋದಲ್ಲಿ ಕೆಲಸ ಮಾಡಿದರು. ಆ ಕೆಲಸದ ಧ್ವನಿಮುದ್ರಿಕೆಗಳ ಸಂಕಲನ ಹೊರಬಂದದ್ದು 2023ರಲ್ಲಿ, ಅರ್ಧ ಶತಮಾನದ ಬಳಿಕ. ನಮ್ಮಲ್ಲಿ ಕೊರತೆಯಿದ್ದದ್ದು ಯಂತ್ರದ್ದಲ್ಲ, ಅದನ್ನು ಶಾಲೆಯ ಮೇಜಿನವರೆಗೆ ತರುವ ಮನಸ್ಸಿನದು.

ಕೊನೆಯ ಮಾತು. ನಮ್ಮ ಸಮಾಜದಲ್ಲಿ ಎರಡು ಮೂಢನಂಬಿಕೆಗಳು ಅಕ್ಕಪಕ್ಕದಲ್ಲಿಯೇ ಬದುಕಿವೆ. ಎಲ್ಲವೂ ಮೊದಲೇ ನಿಶ್ಚಿತವಾಗಿರುವುದರಿಂದ ಬಲ್ಲವರು ಭವಿಷ್ಯ ಹೇಳಬಲ್ಲರು ಎಂಬುದು ಒಂದು. ಹೇಳಲು ಬಾರದ್ದಕ್ಕೆಲ್ಲ ಕಾರಣವೇ ಇಲ್ಲ, ಅದು ಹಣೆಬರಹ ಎಂಬುದು ಇನ್ನೊಂದು. ಕೆಲವೇ ಬಿಡಿಭಾಗಗಳ ಒಂದು ಪುಟ್ಟ ಮಂಡಲ ಇವೆರಡನ್ನೂ ಮಗುವಿನ ಕಿವಿಯೆದುರೇ ಸುಳ್ಳಾಗಿಸುತ್ತದೆ. ಪಠ್ಯಕ್ರಮ ರೂಪಿಸುವ ಮಹನೀಯರು ಇದಕ್ಕೊಂದು ತರಗತಿಯನ್ನು ಮೀಸಲಿಡಲಿ. ಅಲ್ಲಿಯವರೆಗೆ ಸುಮ್ಮನಿರಬೇಕಾಗಿಲ್ಲ. ಸಹೋದ್ಯೋಗಿ ಶಿಕ್ಷಕರು ಒಂದು ಶನಿವಾರದ ಮಧ್ಯಾಹ್ನ ನಾಲ್ಕು ಮಕ್ಕಳನ್ನು ಕೂರಿಸಿಕೊಂಡು, ಬೆಸುಗೆಕಡ್ಡಿಯನ್ನು ಅವರ ಕೈಗೆ ಕೊಟ್ಟು, ಮಧ್ಯಮ ಎಲ್ಲಿ ಅಡಗಿದೆಯೆಂದು ಹುಡುಕಲು ಹೇಳಲಿ.