ಹಸಿರು ವರದಿ ಬರೆದುಕೊಡುವವರ ಗಿರಾಕಿಗಳು ಯಾರು?

ದೊಡ್ಡ ಕಂಪೆನಿಯೊಂದರ ವಾರ್ಷಿಕ ವರದಿಯನ್ನು ಬಿಡಿಸಿ ನೋಡಿದವರಿಗೆ ಅದರ ಮೊದಲ ಪುಟಗಳು ಹೇಗಿರುತ್ತವೆ ಎಂದು ಗೊತ್ತು. ಗಿಡ ನೆಡುತ್ತಿರುವ ಶಾಲಾ ಮಕ್ಕಳು, ಹೊಲಿಗೆ ಯಂತ್ರದ ಮುಂದೆ ನಗುತ್ತಿರುವ ಹೆಂಗಸರು, ಗುಡ್ಡದ ಮೇಲೆ ಗಾಳಿಯಂತ್ರಗಳ ಸಾಲು. ಲಾಭ ನಷ್ಟದ ಲೆಕ್ಕ ಬರುವುದು ಅದಾದ ಮೇಲೆ. ಈ ಪುಟಗಳನ್ನೆಲ್ಲ ಕಂಪೆನಿಯವರೇ ಬರೆದಿರುತ್ತಾರೆ ಎಂದು ನಾವು ತಿಳಿದುಕೊಳ್ಳುತ್ತೇವೆ. ಅನೇಕ ಬಾರಿ ಹಾಗಿರುವುದಿಲ್ಲ. ಹಣ ಪಡೆದು ಬರೆದುಕೊಡುವುದಕ್ಕೆಂದೇ ಬೇರೆ ಸಂಸ್ಥೆಗಳಿವೆ. ಹಿಂದೆ ಇವನ್ನು ಜಾಹೀರಾತು ಕಂಪೆನಿ, ಪಿ.ಆರ್. ಕಂಪೆನಿ ಎಂದು ಕರೆಯುತ್ತಿದ್ದರು. ಈಗ ಸಂವಹನ ಸಂಸ್ಥೆ ಎಂಬ ಗೌರವದ ಹೆಸರಿದೆ. ಸಾಬೂನು, ಬಿಸ್ಕತ್ತುಗಳ ಜೊತೆಗೆ ಇವರ ಅಂಗಡಿಯಲ್ಲಿ ಇಂದು ಇನ್ನೂ ಮೂರು ಸರಕುಗಳಿವೆ: ಸುಸ್ಥಿರತೆ, ಕೆಲಸದ ಸ್ಥಳದ ಸಂಸ್ಕೃತಿ ಮತ್ತು ಸಾಮಾಜಿಕ ಪರಿಣಾಮ.

ಇದು ನಮಗೇಕೆ ಎಂದು ಓದುಗರು ಕೇಳಬಹುದು. ನಮ್ಮ ಧರ್ಮಕೇಂದ್ರಗಳ ಎಷ್ಟೋ ಮಕ್ಕಳು ಮಂಗಳೂರು, ಉಡುಪಿಯ ಕಾಲೇಜುಗಳಲ್ಲಿ ಪತ್ರಿಕೋದ್ಯಮ ಓದಿ ಬೆಂಗಳೂರು, ಮುಂಬೈಗಳಲ್ಲಿ ಇಂಥ ಸಂಸ್ಥೆಗಳಿಗೆ ಸೇರುತ್ತಾರೆ. ನಮ್ಮ ಸಮಾಜ ಸೇವಾ ಸಂಸ್ಥೆಗಳೂ ಶಾಲೆಗಳೂ ಕಂಪೆನಿಗಳ ನೆರವಿಗೆ ಅರ್ಜಿ ಹಾಕುತ್ತವೆ. ಆ ವರದಿಯ ಪುಟದಲ್ಲಿ ನಗುತ್ತಿರುವ ಮುಖ ನಮ್ಮದೇ ಊರಿನದ್ದಾಗಿರಬಹುದು. ಆದುದರಿಂದ, ಇತರರ ಒಳ್ಳೆಯತನದ ಕಥೆ ಬರೆಯುವ ಈ ಸಂಸ್ಥೆಗಳು ತಮ್ಮ ಮನೆಯೊಳಗೆ ಹೇಗಿವೆ ಎಂದು ನೋಡುವುದು ಅಗತ್ಯವೆಂದು ನಮಗೆ ಅನ್ನಿಸಿದೆ.

2016ರ ಜೂನ್ ತಿಂಗಳಲ್ಲಿ ಫ್ರಾನ್ಸಿನ ಕಾನ್ ನಗರದಲ್ಲಿ ಜಾಹೀರಾತು ಲೋಕದ ವಾರ್ಷಿಕ ಹಬ್ಬ ನಡೆದಿತ್ತು. ಅಂದು ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾಗಿದ್ದ ಬಾನ್ ಕಿ ಮೂನ್ ಅಲ್ಲಿಗೆ ಬಂದಿದ್ದರು. ಹಿಂದಿನ ವರ್ಷವಷ್ಟೇ ಎಲ್ಲ ರಾಷ್ಟ್ರಗಳು ಸೇರಿ 17 ಸುಸ್ಥಿರ ಅಭಿವೃದ್ಧಿ ಗುರಿಗಳನ್ನು ಒಪ್ಪಿಕೊಂಡಿದ್ದವು. ಅವನ್ನು ಜನರಿಗೆ ತಲುಪಿಸುವ ಕೆಲಸಕ್ಕಾಗಿ ಜಗತ್ತಿನ ಆರು ಅತಿ ದೊಡ್ಡ ಜಾಹೀರಾತು ಸಮೂಹಗಳು, ಅಂದರೆ ಡಬ್ಲ್ಯುಪಿಪಿ, ಒಮ್ನಿಕಾಮ್, ಪಬ್ಲಿಸಿಸ್, ಇಂಟರ್‌ಪಬ್ಲಿಕ್, ಡೆಂಟ್ಸು ಮತ್ತು ಹವಾಸ್, ತಮ್ಮ ಪೈಪೋಟಿಯನ್ನು ಬದಿಗಿಟ್ಟು ಒಂದಾಗುವುದಾಗಿ ಆ ವೇದಿಕೆಯಲ್ಲಿ ಘೋಷಿಸಿದವು. 17 ಗುರಿಗಳಲ್ಲಿ 8ನೆಯದು ಘನತೆಯ ದುಡಿಮೆ. 13ನೆಯದು ಹವಾಮಾನದ ರಕ್ಷಣೆ. ಈ ಎರಡು ಸಂಖ್ಯೆಗಳನ್ನು ಓದುಗರು ಸ್ವಲ್ಪ ನೆನಪಿನಲ್ಲಿಡಬೇಕು.

ಆ ಆರರಲ್ಲಿ ಒಂದಾದ ಡೆಂಟ್ಸು ಜಪಾನಿನ ಸಂಸ್ಥೆ. 1901ರಲ್ಲಿ ಹುಟ್ಟಿದ್ದು, ಆ ದೇಶದ ಜಾಹೀರಾತು ಉದ್ಯಮದಲ್ಲಿ ಅದಕ್ಕೆ ಸರಿಸಾಟಿ ಇಲ್ಲ. 1951ರಲ್ಲಿ ಅದರ ಅಧ್ಯಕ್ಷ ಹಿದೆಯೊ ಯೊಶಿದಾ ನೌಕರರಿಗಾಗಿ ಹತ್ತು ಸೂತ್ರಗಳನ್ನು ಬರೆದರು. ಕೈಗೆತ್ತಿಕೊಂಡ ಕೆಲಸವನ್ನು ಪ್ರಾಣ ಹೋದರೂ ಬಿಡಬಾರದೆಂಬುದು ಅವುಗಳಲ್ಲಿ ಒಂದರ ಸಾರ. ಮುಂದೆ ಈ ಸೂತ್ರಗಳನ್ನು ನೌಕರರ ಕೈಪುಸ್ತಕದಲ್ಲೇ ಅಚ್ಚು ಹಾಕಲಾಗುತ್ತಿತ್ತು. 1991ರಲ್ಲಿ ಇದೇ ಸಂಸ್ಥೆಯ 24 ವರ್ಷದ ನೌಕರನೊಬ್ಬ ಅತಿಯಾದ ದುಡಿಮೆಯಿಂದ ಕುಸಿದು ಜೀವ ಕಳೆದುಕೊಂಡ. ಅವನ ತಂದೆತಾಯಿ ನ್ಯಾಯಾಲಯಕ್ಕೆ ಹೋದರು. 2000ದಲ್ಲಿ ಜಪಾನಿನ ಸುಪ್ರೀಂ ಕೋರ್ಟು ಕಂಪೆನಿಯೇ ಹೊಣೆ ಎಂದು ತೀರ್ಪು ನೀಡಿತು. ಇಷ್ಟಾದ ಮೇಲಾದರೂ ಬದಲಾವಣೆ ಬರಬೇಕಿತ್ತು. 2015ರ ಏಪ್ರಿಲ್‌ನಲ್ಲಿ ಕೆಲಸಕ್ಕೆ ಸೇರಿದ ಯುವತಿಯೊಬ್ಬಳು ಅದೇ ವರ್ಷ ಕ್ರಿಸ್ಮಸ್ ದಿನದಂದು ತನ್ನ ಪ್ರಾಣವನ್ನು ತಾನೇ ತೆಗೆದುಕೊಂಡಳು. ಅವಳಿಗೂ 24 ವರ್ಷ. ಒಂದು ತಿಂಗಳಲ್ಲಿ ಅವಳು ಮಾಡಿದ ಹೆಚ್ಚುವರಿ ದುಡಿಮೆ 100 ಗಂಟೆಗಳನ್ನು ಮೀರಿತ್ತೆಂದು ಕಾರ್ಮಿಕ ಇಲಾಖೆ ಕಂಡುಕೊಂಡಿತು.

ಈ ಸಾವು ಅತಿದುಡಿಮೆಯಿಂದಲೇ ಸಂಭವಿಸಿತೆಂದು ಅಲ್ಲಿಯ ಸರಕಾರ ಒಪ್ಪಿಕೊಂಡ ಸುದ್ದಿ ಹೊರಬಂದದ್ದು 2016ರ ಅಕ್ಟೋಬರಿನಲ್ಲಿ. ಕಾನ್ ವೇದಿಕೆಯ ಘೋಷಣೆಯಾಗಿ ಆಗ ನಾಲ್ಕು ತಿಂಗಳೂ ಆಗಿರಲಿಲ್ಲ! ಅದೇ ತಿಂಗಳಿಂದ ಡೆಂಟ್ಸು ಕಚೇರಿಯಲ್ಲಿ ರಾತ್ರಿ 10 ಗಂಟೆಗೆ ದೀಪ ಆರಿಸತೊಡಗಿದರು. ಮರುವರ್ಷ ಅಧ್ಯಕ್ಷರು ಹುದ್ದೆ ಬಿಟ್ಟರು, ಹತ್ತು ಸೂತ್ರಗಳನ್ನು ಕೈಪುಸ್ತಕದಿಂದ ತೆಗೆದರು. 2017ರ ಅಕ್ಟೋಬರಿನಲ್ಲಿ ಟೋಕಿಯೊ ನ್ಯಾಯಾಲಯವು ಕಂಪೆನಿಗೆ ವಿಧಿಸಿದ ದಂಡ 5 ಲಕ್ಷ ಯೆನ್. ನಮ್ಮ ರೂಪಾಯಿಗೆ ಬದಲಿಸಿದರೆ ಆಗಿನ ಲೆಕ್ಕದಲ್ಲಿ ಸುಮಾರು ಮೂರು ಲಕ್ಷ. ಇಷ್ಟು ದೊಡ್ಡ ಕಂಪೆನಿಗೆ ಇದೂ ಒಂದು ದಂಡವೇ ಎಂದು ಕೇಳಬೇಕಾಗುತ್ತದೆ.

ದೀಪ ಆರಿಸುವುದು ಒಳ್ಳೆಯದೇ. ಆದರೆ ಬೆಳಗ್ಗೆಯೊಳಗೆ ಕೆಲಸ ಬೇಕು ಎನ್ನುವ ಗಿರಾಕಿಗೆ ಇಲ್ಲ ಎನ್ನುವ ಧೈರ್ಯ ಯಜಮಾನನಿಗೆ ಇಲ್ಲದಿದ್ದರೆ, ನೌಕರ ಅದೇ ಕೆಲಸವನ್ನು ಮನೆಗೆ ಕೊಂಡುಹೋಗುತ್ತಾನೆ. ಸಂವಹನ ಸಂಸ್ಥೆಗಳಲ್ಲಿ ಕೆಲಸದ ಸಂಸ್ಕೃತಿ ಕೆಡುವುದು ಇಲ್ಲಿಯೇ. ಇವರಿಗೆ ಕಾರ್ಖಾನೆ ಇಲ್ಲ, ಯಂತ್ರವಿಲ್ಲ. ಮಾರಲಿಕ್ಕಿರುವುದು ಮನುಷ್ಯರ ಸಮಯ ಮಾತ್ರ. ಕಡಿಮೆ ದರಕ್ಕೆ ಒಪ್ಪಿ ಗಿರಾಕಿಯನ್ನು ಹಿಡಿದರೆ ಆ ನಷ್ಟವನ್ನು ತುಂಬಿಕೊಡುವುದು 23, 24 ವರ್ಷದ ಮಕ್ಕಳ ರಾತ್ರಿಗಳು. ಬಂಟ್ವಾಳದಿಂದಲೋ ಶಿರ್ವದಿಂದಲೋ ಅಮ್ಮ ರಾತ್ರಿ ಒಂಬತ್ತೂವರೆಗೆ ಫೋನು ಮಾಡಿದಾಗ, "ಇನ್ನೂ ಆಫೀಸಿನಲ್ಲಿದ್ದೇನೆ, ಆಮೇಲೆ ಮಾತಾಡುತ್ತೇನೆ" ಎಂಬ ಉತ್ತರ ಬರುವುದು ನಮ್ಮ ಮನೆಗಳಿಗೆ ಹೊಸದೇನಲ್ಲ. ಕರ್ನಾಟಕದಲ್ಲಿ ದಿನಕ್ಕೆ 9 ಗಂಟೆ ಇದ್ದ ಕೆಲಸದ ಮಿತಿಯನ್ನು 10ಕ್ಕೆ ಏರಿಸುವ ಪ್ರಸ್ತಾಪ 2025ರ ಜೂನ್‌ನಲ್ಲಿ ಬಂದಾಗ ಐಟಿ ನೌಕರರ ಸಂಘಟನೆ ಬೀದಿಗಿಳಿಯಿತು. ಜಾಹೀರಾತು, ಪಿ.ಆರ್. ಕಚೇರಿಗಳ ಮಕ್ಕಳಿಗೆ ಅಷ್ಟು ಬಲದ ಸಂಘಟನೆ ನಮ್ಮಲ್ಲಿಲ್ಲ.

ಇನ್ನು ಹವಾಸ್. ಇದರ ಕಥೆ ಬೇರೆ ತರದ್ದು. ಪ್ಯಾರಿಸಿನಲ್ಲಿ 1835ರಲ್ಲಿ ಸುದ್ದಿಸಂಸ್ಥೆಯಾಗಿ ಆರಂಭವಾದ ಹಳೆಯ ಮನೆತನವಿದು. ಇಂದಿನ ಎಎಫ್‌ಪಿ ಸುದ್ದಿಸಂಸ್ಥೆ ಅದರದೇ ಕವಲು. ಇತ್ತೀಚಿನ ವರ್ಷಗಳಲ್ಲಿ ಹವಾಸ್ ಸಮೂಹದ ಕೆಲವು ಕಚೇರಿಗಳು ಬಿ ಕಾರ್ಪ್ ಎಂಬ ಮುದ್ರೆಯನ್ನು ಗಳಿಸಿಕೊಂಡಿದ್ದವು. 2006ರಲ್ಲಿ ಅಮೆರಿಕದಲ್ಲಿ ಆರಂಭವಾದ ಬಿ ಲ್ಯಾಬ್ ಎಂಬ ಲಾಭರಹಿತ ಸಂಸ್ಥೆ ಕೊಡುವ ಮುದ್ರೆ ಇದು. ಆಡಳಿತ, ನೌಕರರು, ಸಮುದಾಯ, ಪರಿಸರ, ಗಿರಾಕಿಗಳು ಎಂಬ ಐದು ಬಾಬತ್ತುಗಳಲ್ಲಿ ಪರೀಕ್ಷೆ ನಡೆಯುತ್ತಿತ್ತು. ಸುಮಾರು 200 ಅಂಕಗಳಲ್ಲಿ ಕನಿಷ್ಠ 80 ಬರಬೇಕಿತ್ತು. ಸುಲಭದ ಪರೀಕ್ಷೆಯಲ್ಲ. ಕಾಗದಪತ್ರ ಒದಗಿಸಲಿಕ್ಕೇ ತಿಂಗಳುಗಟ್ಟಲೆ ಹಿಡಿಯುತ್ತದೆ.

2023ರ ಸೆಪ್ಟೆಂಬರಿನಲ್ಲಿ ಹವಾಸ್ ಸಮೂಹದ ಮಾಧ್ಯಮ ವಿಭಾಗಕ್ಕೆ ದೊಡ್ಡ ಗುತ್ತಿಗೆಯೊಂದು ಸಿಕ್ಕಿತು. ಶೆಲ್ ಎಂಬ ತೈಲ ಕಂಪೆನಿಯ ಜಾಹೀರಾತುಗಳಿಗೆ ಜಗತ್ತಿನಾದ್ಯಂತ ಮಾಧ್ಯಮಗಳಲ್ಲಿ ಜಾಗ ಖರೀದಿಸುವ ಕೆಲಸ. ಬಿ ಕಾರ್ಪ್ ಮುದ್ರೆಯಿದ್ದ ಇತರ ಹಲವು ಸಂಸ್ಥೆಗಳು ಬಿ ಲ್ಯಾಬ್‌ಗೆ ದೂರು ಕೊಟ್ಟವು. ಪರಿಸರ ಉಳಿಸುತ್ತೇವೆಂದು ಮುದ್ರೆ ಹಾಕಿಕೊಂಡವರ ಮನೆತನಕ್ಕೆ ತೈಲದ ಗಿರಾಕಿ ಹೇಗೆ? ಇದು ಅವರ ಪ್ರಶ್ನೆಯಾಗಿತ್ತು. ತಿಂಗಳುಗಳ ಪರಿಶೀಲನೆಯ ನಂತರ 2024ರ ಜುಲೈಯಲ್ಲಿ ಲಂಡನ್, ನ್ಯೂಯಾರ್ಕ್, ಆಮ್‌ಸ್ಟರ್‌ಡಾಮಿನ ಲೆಮ್ಸ್ ಮತ್ತು ಮಲೇಶ್ಯಾದ ಇಮರ್ಸ್ ಎಂಬ ನಾಲ್ಕು ಹವಾಸ್ ಕಚೇರಿಗಳ ಮುದ್ರೆಯನ್ನು ಬಿ ಲ್ಯಾಬ್ ಹಿಂತೆಗೆದುಕೊಂಡಿತು.

ಇಲ್ಲಿ ಒಂದು ಸೂಕ್ಷ್ಮವಿದೆ. ಶೆಲ್ ಗುತ್ತಿಗೆ ಗೆದ್ದದ್ದು ಈ ನಾಲ್ಕು ಕಚೇರಿಗಳಲ್ಲ, ಅದೇ ಸಮೂಹದ ಬೇರೊಂದು ವಿಭಾಗ. ಅಣ್ಣ ಮಾಡಿದ ವ್ಯಾಪಾರಕ್ಕೆ ತಮ್ಮನಿಗೆ ಶಿಕ್ಷೆಯೇ ಎಂದು ಯಾರಾದರೂ ಕೇಳಬಹುದು, ಅದರಲ್ಲಿ ಸ್ವಲ್ಪ ನ್ಯಾಯವೂ ಇದೆ. ಮುದ್ರೆಗಾಗಿ ರಾತ್ರಿ ಹಗಲು ಕಾಗದ ಜೋಡಿಸಿದ ಸಾಮಾನ್ಯ ನೌಕರರಿಗೆ ಗುತ್ತಿಗೆಯ ತೀರ್ಮಾನದಲ್ಲಿ ಏನು ಪಾಲಿತ್ತು? ಆದರೂ ಬಿ ಲ್ಯಾಬ್ ಮಾಡಿದ್ದು ಸರಿ ಎಂದೇ ನಮ್ಮ ಅಭಿಪ್ರಾಯ. ಬಾಗಿಲಿನ ಮೇಲೆ ಬರೆದ ಹೆಸರು ಒಂದೇ, ಲಾಭ ಹೋಗಿ ಸೇರುವ ಪೆಟ್ಟಿಗೆಯೂ ಒಂದೇ. ಹಸಿರು ಕಚೇರಿಯನ್ನು ಬೀದಿಗೆ ಮುಖ ಮಾಡಿಟ್ಟು ತೈಲದ ಲೆಕ್ಕವನ್ನು ಹಿಂದಿನ ಕೋಣೆಯಲ್ಲಿ ಬರೆಯುವುದಕ್ಕೆ ಆ ಮುದ್ರೆಯನ್ನು ಕೊಟ್ಟದ್ದಲ್ಲ. ಇನ್ನೊಂದು ಮಾತು. ಈ ಕಚೇರಿಗಳಲ್ಲಿ ವಿದ್ಯುತ್ ಉಳಿಸಿ, ಕಾಗದ ಕಡಿಮೆ ಮಾಡಿ ತಗ್ಗಿಸಿದ ಹೊಗೆ ಎಷ್ಟಿದ್ದೀತು? ಜಾಹೀರಾತು ಕಚೇರಿಯೊಂದರ ನಿಜವಾದ ಹೊಗೆ ಅದರ ಕಟ್ಟಡದಲ್ಲಿ ಇಲ್ಲ, ಗಿರಾಕಿಗಳ ಪಟ್ಟಿಯಲ್ಲಿದೆ.

ತೈಲ ಕಂಪೆನಿಗಳ ಕೆಲಸ ಮಾಡುವ ಸಂಸ್ಥೆಗಳ ವಾದವನ್ನೂ ಕೇಳಬೇಕು. ಅವು ಬದಲಾಗಬೇಕಾದರೆ ಒಳಗಿದ್ದು ತಿದ್ದುವವರು ಬೇಕು, ಹೊರಗೆ ನಿಂತು ಬೈದರೆ ಆಗದು ಎನ್ನುತ್ತಾರೆ. ಅಮೆರಿಕದ ಎಡೆಲ್ಮನ್ ಎಂಬ ಪಿ.ಆರ್. ಸಂಸ್ಥೆ ತೈಲ ಗಿರಾಕಿಗಳ ಕಾರಣಕ್ಕೆ ಟೀಕೆಗೊಳಗಾಗಿ ತನ್ನ 330 ಗಿರಾಕಿಗಳನ್ನು ಪರಿಶೀಲಿಸಿತು. 2022ರ ಜನವರಿಯಲ್ಲಿ ಅದು ಹೇಳಿದ್ದು ಹೆಚ್ಚುಕಡಿಮೆ ಇದನ್ನೇ. ಅದೇ ಸಂಸ್ಥೆ ಜನರಿಗೆ ಯಾರ ಮೇಲೆ ಎಷ್ಟು ನಂಬಿಕೆಯಿದೆ ಎಂಬ ಸಮೀಕ್ಷೆಯನ್ನು ಪ್ರತಿವರ್ಷ ಪ್ರಕಟಿಸುತ್ತದೆ ಎಂಬುದು ಬೇರೆ ಮಾತು. ಒಳಗಿದ್ದು ತಿದ್ದಿದ ಫಲ ಹೇಗಿರುತ್ತದೆ ಎಂಬುದಕ್ಕೆ 2023ರ ಜೂನ್‌ನಲ್ಲಿ ಬ್ರಿಟನ್ನಿನ ಜಾಹೀರಾತು ನಿಯಂತ್ರಣ ಸಂಸ್ಥೆ ನೀಡಿದ ತೀರ್ಮಾನವನ್ನು ನೋಡಬಹುದು. ಬ್ರಿಸ್ಟಲ್ ನಗರದ ಭಿತ್ತಿಪತ್ರದಲ್ಲಿ, ಟಿವಿಯಲ್ಲಿ ಶೆಲ್ ತನ್ನ ನವೀಕರಿಸಬಹುದಾದ ವಿದ್ಯುತ್ತು, ವಾಹನ ಚಾರ್ಜಿಂಗ್ ಕುರಿತು ಜಾಹೀರಾತು ಹಾಕಿತ್ತು. ಅದರಲ್ಲಿದ್ದ ಅಂಕಿಸಂಖ್ಯೆಯ ಬಗ್ಗೆ ತಕರಾರು ಇರಲಿಲ್ಲ. ಕಂಪೆನಿಯ ವ್ಯವಹಾರದ ಬಹುಪಾಲು ಇನ್ನೂ ತೈಲ, ಅನಿಲದ್ದೇ ಎಂಬುದನ್ನು ಹೇಳದೆ ಬಿಟ್ಟದ್ದೇ ತಪ್ಪೆಂದು ಅವನ್ನು ನಿಷೇಧಿಸಲಾಯಿತು. ಸುಳ್ಳು ಬರೆದದ್ದರಲ್ಲಿ ಇರಲಿಲ್ಲ, ಬಿಟ್ಟದ್ದರಲ್ಲಿತ್ತು.

2024ರ ಜೂನ್ 5ರಂದು, ವಿಶ್ವ ಪರಿಸರ ದಿನ, ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಆಂಟೋನಿಯೊ ಗುಟೆರಸ್ ನ್ಯೂಯಾರ್ಕಿನಲ್ಲಿ ಮಾತನಾಡುತ್ತಾ ಜಾಹೀರಾತು ಮತ್ತು ಪಿ.ಆರ್. ಸಂಸ್ಥೆಗಳನ್ನು ನೇರವಾಗಿ ಹೆಸರಿಸಿದರು. ತೈಲ, ಕಲ್ಲಿದ್ದಲಿನ ಹೊಸ ಗಿರಾಕಿಗಳನ್ನು ಒಪ್ಪಿಕೊಳ್ಳಬೇಡಿ ಎಂದರು. ತಂಬಾಕಿನ ಜಾಹೀರಾತಿನಂತೆ ಇವುಗಳ ಜಾಹೀರಾತನ್ನೂ ನಿಷೇಧಿಸಬೇಕೆಂದು ಸರಕಾರಗಳನ್ನು ಕೇಳಿಕೊಂಡರು. ನೆದರ್ಲೆಂಡ್ಸಿನ ಹೇಗ್ ನಗರಸಭೆ ಅದೇ ವರ್ಷ ಇಂಥ ನಿಯಮ ಮಾಡಿತು, 2025ರ ಜನವರಿ 1ರಿಂದ ಅದು ಜಾರಿಗೆ ಬಂತು.

ಈ ವಿಷಯದಲ್ಲಿ ನಾವು ಕರಾವಳಿಯವರು ತೀರಾ ಮಡಿವಂತರಾಗಿ ಮಾತಾಡುವಂತಿಲ್ಲ ಎಂಬುದನ್ನೂ ಒಪ್ಪಿಕೊಳ್ಳೋಣ. ನಮ್ಮ ಎಷ್ಟೋ ಮನೆಗಳು ಎದ್ದು ನಿಂತದ್ದು, ಎಷ್ಟೋ ಚರ್ಚುಗಳ ಮಾಡು ಹೊಸದಾದದ್ದು ಗಲ್ಫ್ ದೇಶಗಳಲ್ಲಿ ದುಡಿದವರ ಹಣದಿಂದ, ಅಂದರೆ ತೈಲದಿಂದ. ಮಂಗಳೂರಿನಲ್ಲೇ ತೈಲ ಶುದ್ಧೀಕರಣ ಘಟಕವಿದೆ, ಅಲ್ಲಿಯ ಸಂಬಳದಲ್ಲಿ ಮಕ್ಕಳನ್ನು ಓದಿಸಿದವರು ನಮ್ಮ ನಡುವೆ ಇದ್ದಾರೆ. ಉಳ್ಳಾಲ, ಉಚ್ಚಿಲದಲ್ಲಿ ಕಡಲು ಮನೆಯಂಗಳಕ್ಕೆ ಬರುವುದನ್ನು ನೋಡುತ್ತಿರುವವರೂ ನಾವೇ. ತೈಲದ ದುಡಿಮೆ ಪಾಪವೆಂದು ನಾವು ಹೇಳುತ್ತಿಲ್ಲ. ತೈಲಕ್ಕೆ ಹಸಿರು ಬಣ್ಣ ಬಳಿದು ಕೊಡುವ ಕೂಲಿಯ ಬಗ್ಗೆ ನಮ್ಮ ಮಾತು.

ನಮ್ಮ ದೇಶದಲ್ಲಿ ಈ ಕೂಲಿಗೆ ಬೇಡಿಕೆ ಹೆಚ್ಚಿದ್ದರಲ್ಲಿ ಕಾನೂನಿನ ಪಾಲೂ ಇದೆ. 2013ರ ಕಂಪೆನಿ ಕಾಯಿದೆಯ 135ನೇ ವಿಧಿಯಂತೆ, ನಿಗದಿತ ಗಾತ್ರಕ್ಕಿಂತ ದೊಡ್ಡ ಕಂಪೆನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇಕಡಾ 2ರಷ್ಟನ್ನು ಸಮಾಜಕ್ಕಾಗಿ ಖರ್ಚು ಮಾಡಬೇಕು. ನಮ್ಮ ಸಂಸ್ಥೆಗಳು ಸಿಎಸ್‌ಆರ್ ಎಂದು ಅರ್ಜಿ ಹಾಕುವುದು ಇದಕ್ಕೇ. 2022-23ರಿಂದ ಷೇರುಪೇಟೆಯ ಮೊದಲ 1000 ಕಂಪೆನಿಗಳು ಪರಿಸರ, ನೌಕರರು, ಸಮಾಜ ಇವುಗಳ ಬಗ್ಗೆ ಪ್ರತ್ಯೇಕ ವರದಿ ಕೊಡಬೇಕೆಂದು ಸೆಬಿ ಕಡ್ಡಾಯ ಮಾಡಿತು. ಬರೆಯುವವರಿಗೆ ಕೆಲಸವೋ ಕೆಲಸ. ವಿಪರ್ಯಾಸವೆಂದರೆ ಬರೆದುಕೊಡುವ ಸಂಸ್ಥೆಗಳಲ್ಲಿ ಹೆಚ್ಚಿನವು ಷೇರುಪೇಟೆಯಲ್ಲಿ ಇಲ್ಲ. ತಮ್ಮ ನೌಕರರು ಎಷ್ಟು ಗಂಟೆಗೆ ಮನೆಗೆ ಹೋಗುತ್ತಾರೆಂದು ಅವು ಯಾರಿಗೂ ವರದಿ ಒಪ್ಪಿಸಬೇಕಾಗಿಲ್ಲ.

2024ರ ಅಕ್ಟೋಬರ್ 15ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಹುಸಿ ಹಸಿರಿನ ವಿರುದ್ಧ ಮಾರ್ಗಸೂಚಿ ಹೊರಡಿಸಿತು. ಪರಿಸರಸ್ನೇಹಿ, ಶುದ್ಧ, ಹಸಿರು ಎಂಬ ಮಾತು ಬಳಸಿದರೆ ಆಧಾರ ತೋರಿಸಬೇಕು. ತಯಾರಕನ ಜೊತೆಗೆ ಜಾಹೀರಾತು ಸಂಸ್ಥೆಯೂ ಇದರ ವ್ಯಾಪ್ತಿಗೆ ಬರುತ್ತದೆ ಎಂಬುದು ನಿಜಕ್ಕೂ ಒಳ್ಳೆಯ ಹೆಜ್ಜೆ. ಆದರೆ ಒಂದು ಸಂದು ಉಳಿದಿದೆ. ನಿರ್ದಿಷ್ಟ ಸರಕಿಗೆ ಸಂಬಂಧಿಸದ ಮಾತುಗಳು, ಅಂದರೆ ನಮ್ಮ ಬೆಳವಣಿಗೆ ಸುಸ್ಥಿರ ತತ್ತ್ವದ ಮೇಲೆ ನಿಂತಿದೆ ಎಂಬಂಥ ಕಂಪೆನಿಯ ಧ್ಯೇಯವಾಕ್ಯಗಳು, ಇದರಿಂದ ಹೊರಗಿವೆ. ವರದಿಯ ಮೊದಲ ಪುಟಗಳು ತುಂಬಿರುವುದೇ ಅವುಗಳಿಂದ.

ಸಾಮಾಜಿಕ ಪರಿಣಾಮದ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ನಮ್ಮ ಸೇವಾಕರ್ತರಿಗೆ ಅದರ ರೀತಿ ಗೊತ್ತಿದೆ. ಕಟ್ಟಿದ ಶೌಚಾಲಯಕ್ಕಿಂತ ಅದರ ಮೇಲಿನ ಫಲಕ ದೊಡ್ಡದಾಗಿರುವುದನ್ನು ಕಂಡವರು ಅವರು. ಫೋಟೋಗೆ ಮಕ್ಕಳನ್ನು ಬಿಸಿಲಲ್ಲಿ ನಿಲ್ಲಿಸಿದವರೂ ಅವರೇ, ಏಕೆಂದರೆ ಮುಂದಿನ ಕಂತು ಬರಬೇಕು. ನೀರು ಬರುತ್ತಿದೆಯೇ ಎಂದು ಎರಡು ವರ್ಷದ ಮೇಲೆ ಬಂದು ಕೇಳಿದ ಕಂಪೆನಿಗಳೂ ಇವೆ. ಅವು ಕಡಿಮೆ.

ಅದಿರಲಿ, ಬೇರೆಯವರ ವರದಿಯಲ್ಲಿ ಬಿಟ್ಟುಹೋದದ್ದನ್ನು ಹುಡುಕುವ ನಾವು ನಮ್ಮದನ್ನೂ ತೆರೆಯಬೇಕಾಗುತ್ತದೆ. ವರ್ಷಾಂತ್ಯದಲ್ಲಿ ನಮ್ಮ ಸಂಸ್ಥೆಗಳೂ ವರದಿ ಅಚ್ಚು ಹಾಕಿಸುತ್ತವೆ. ಅದರಲ್ಲಿ ಫಲಾನುಭವಿಗಳ ಸಂಖ್ಯೆ ಇದೆ, ದಾನಿಗಳ ಪಟ್ಟಿ ಇದೆ, ವನಮಹೋತ್ಸವದ ಚಿತ್ರವೂ ಇದೆ. ಅನುದಾನವಿಲ್ಲದ ಶಾಲೆಯಲ್ಲಿ ಹತ್ತು ವರ್ಷದಿಂದ ಗೌರವಧನಕ್ಕೆ ದುಡಿಯುತ್ತಿರುವ ಟೀಚರಿಗೆ ತಿಂಗಳಿಗೆ ಎಷ್ಟು ಸಿಗುತ್ತದೆ ಎಂಬ ಸಾಲು ಅದರಲ್ಲಿ ಯಾವ ಪುಟದಲ್ಲಿದೆ?